ಕಾರಿನ ಬಣ್ಣದ ಯಂತ್ರ ಪಾಲಿಶ್

ಕಾರಿನ ಬಣ್ಣದ ಯಂತ್ರ ಪಾಲಿಶ್ ಎಂಬುದು ವಿದ್ಯುತ್ ಚಾಲಿತ ಯಂತ್ರಕ್ಕೆ ಜೋಡಿಸಿದ ಮೆತ್ತನೆಯ ಪ್ಯಾಡ್ ಹಾಗೂ ಅತಿಸೂಕ್ಷ್ಮ ಅಪಘರ್ಷಕ ಕಣಗಳಿರುವ ದ್ರಾವಣದ ನೆರವಿನಿಂದ ವಾಹನದ ಬಣ್ಣದ ಮೇಲ್ಪದರವನ್ನು ಅತ್ಯಲ್ಪ ಪ್ರಮಾಣದಲ್ಲಿ ಸವೆಸಿ, ಅದರ ಮೇಲಿನ ಸಣ್ಣ ಗೀರು, ಕಲೆ ಮತ್ತು ಮಂಕುತನವನ್ನು ನಿವಾರಿಸುವ ಕ್ರಿಯೆಯಾಗಿದೆ. ಇದು ಮೇಣ ಹಚ್ಚುವುದಕ್ಕಿಂತ ಭಿನ್ನವಾದುದು. ಮೇಣವು ಬಣ್ಣದ ಮೇಲೆ ಪದರವೊಂದನ್ನು ಸೇರಿಸುತ್ತದೆ. ಪಾಲಿಶ್ ಇರುವ ಪದರದಿಂದಲೇ ಸ್ವಲ್ಪವನ್ನು ಕಳೆಯುತ್ತದೆ. ಹೀಗೆ ಕಳೆದ ಪದರವು ಮರಳಿ ಬರುವುದಿಲ್ಲ. ಆದ್ದರಿಂದ ಅಗತ್ಯವಿರುವಷ್ಟು ಮಾತ್ರ ಸವೆಸುವುದು ಈ ಕೆಲಸದ ಮೂಲ ನಿಯಮವಾಗಿದೆ.

ಮೊದಲು ಗ್ಯಾರೇಜುಗಳಿಗೆ ಸೀಮಿತವಾಗಿದ್ದ ಈ ಕೆಲಸವನ್ನು ಈಗ ಕಾರಿನ ಮಾಲೀಕರು ಮನೆಯಲ್ಲಿಯೂ ಕೈಗೊಳ್ಳುತ್ತಾರೆ. ಈ ಲೇಖನವು ಆರಂಭಿಕರಿಗೆ ಬೇಕಾದ ತಿಳಿವಳಿಕೆಯನ್ನು ಬೆಂಗಳೂರಿನ ದಂಡು ಪ್ರದೇಶ ಹಾಗೂ ಪೂರ್ವ ಭಾಗದ, ಅಂದರೆ ಶಿವಾಜಿನಗರ, ಹಲಸೂರು, ಇಂದಿರಾನಗರ ಮತ್ತು ಕೃಷ್ಣರಾಜಪುರದ ಪರಿಸರವನ್ನು ಉದಾಹರಣೆಯಾಗಿ ಇಟ್ಟುಕೊಂಡು ವಿವರಿಸುತ್ತದೆ.

ಬಣ್ಣದ ಪದರಗಳು

ಇಂದಿನ ಕಾರುಗಳಲ್ಲಿ ಲೋಹದ ತಗಡಿನ ಮೇಲೆ ಸಾಮಾನ್ಯವಾಗಿ ನಾಲ್ಕು ಪದರಗಳಿರುತ್ತವೆ: ತುಕ್ಕು ತಡೆಯುವ ವಿದ್ಯುತ್ ಲೇಪನ, ಪ್ರೈಮರ್, ಬಣ್ಣ ನೀಡುವ ಬೇಸ್ ಕೋಟ್ ಮತ್ತು ಎಲ್ಲಕ್ಕಿಂತ ಮೇಲೆ ಪಾರದರ್ಶಕವಾದ ಕ್ಲಿಯರ್ ಕೋಟ್. ಕಾರ್ಖಾನೆಯಲ್ಲಿ ಹಚ್ಚಿದ ಬಣ್ಣದ ಒಟ್ಟು ದಪ್ಪ ಬಹುಮಟ್ಟಿಗೆ 100ರಿಂದ 180 ಮೈಕ್ರಾನ್ ಇರುತ್ತದೆ. ಅದರಲ್ಲಿ ಕ್ಲಿಯರ್ ಕೋಟ್‌ನ ಪಾಲು ಸುಮಾರು 35ರಿಂದ 50 ಮೈಕ್ರಾನ್ ಮಾತ್ರ. ಮನುಷ್ಯನ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂಬುದನ್ನು ನೆನೆದರೆ ಈ ಪದರ ಎಷ್ಟು ತೆಳುವೆಂಬುದು ತಿಳಿಯುತ್ತದೆ. ಬಿಸಿಲಿನ ನೇರಳಾತೀತ ಕಿರಣಗಳಿಂದ ಬಣ್ಣವನ್ನು ಕಾಯುವ ರಾಸಾಯನಿಕಗಳು ಈ ಪದರದಲ್ಲಿಯೇ ಇರುತ್ತವೆ. ಇದನ್ನು ಅತಿಯಾಗಿ ಸವೆಸಿದರೆ ಕಾರು ಅಂದು ಹೊಳೆದರೂ ಕೆಲವು ವರ್ಷಗಳಲ್ಲಿ ಮೇಲ್ಪದರ ಬಿಳಿಚಿಕೊಂಡು ಸಿಪ್ಪೆಯಂತೆ ಏಳುವ ಸಂಭವವಿದೆ. ಆಗ ಮರುಬಣ್ಣ ಹೊಡೆಸದೆ ಬೇರೆ ದಾರಿಯಿರುವುದಿಲ್ಲ.

ಹಳೆಯ ಕಾರುಗಳ ರಚನೆ ಬೇರೆ. 1920ರ ದಶಕದಲ್ಲಿ ಅಮೆರಿಕದ ಡುಪಾಂಟ್ ಕಂಪನಿಯು ‘ಡ್ಯೂಕೋ’ ಎಂಬ ಹೆಸರಿನ ನೈಟ್ರೋಸೆಲ್ಯುಲೋಸ್ ಬಣ್ಣವನ್ನು ಮಾರುಕಟ್ಟೆಗೆ ತಂದಿತು. ಭಾರತದಲ್ಲಿ ತುಂತುರು ಯಂತ್ರದಿಂದ ಹೊಡೆಯುವ ಬಣ್ಣಕ್ಕೆ ‘ಡ್ಯೂಕೋ ಪೇಂಟ್’ ಎನ್ನುವ ರೂಢಿ ಇದರಿಂದಲೇ ಬಂದಿದೆ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳಂಥ ಹಳೆಯ ಕಾರುಗಳಲ್ಲಿ ಕ್ಲಿಯರ್ ಕೋಟ್ ಇಲ್ಲದ ಏಕಪದರದ ಬಣ್ಣ ಸಾಮಾನ್ಯವಾಗಿತ್ತು. ಇಂಥ ಕಾರನ್ನು ಪಾಲಿಶ್ ಮಾಡುವಾಗ ಪ್ಯಾಡ್‌ಗೆ ಕಾರಿನ ಬಣ್ಣವೇ ಹತ್ತುತ್ತದೆ, ಇದು ಸಹಜ. ಆದರೆ ಕ್ಲಿಯರ್ ಕೋಟ್ ಇರುವ ಕಾರಿನಲ್ಲಿ ಪ್ಯಾಡ್‌ಗೆ ಬಣ್ಣ ಹತ್ತಿದರೆ ಮೇಲ್ಪದರ ತೂತಾಗಿದೆ ಎಂದು ತಿಳಿದು ಕೆಲಸವನ್ನು ಕೂಡಲೇ ನಿಲ್ಲಿಸಬೇಕು.

ದೋಷಗಳು ಮತ್ತು ಅವುಗಳ ಕಾರಣ

ಬಿಸಿಲಿನಲ್ಲಿ ಅಥವಾ ಒಂಟಿ ದೀಪದ ಬೆಳಕಿನಲ್ಲಿ ಜೇಡರಬಲೆಯಂತೆ ಕಾಣುವ ಸೂಕ್ಷ್ಮ ಗೀರುಗಳನ್ನು ಸುರುಳಿ ಗೀರುಗಳೆನ್ನುತ್ತಾರೆ. ಇವು ಬಹುತೇಕ ತೊಳೆಯುವಾಗ ಮತ್ತು ಒರೆಸುವಾಗ ಆಗುವಂಥವು. ನಗರದ ವಸತಿ ಸಮುಚ್ಚಯಗಳಲ್ಲಿ ಪ್ರತಿದಿನ ಮುಂಜಾನೆ ಒಂದೇ ಬಕೆಟ್ ನೀರು ಮತ್ತು ಒಂದೇ ಬಟ್ಟೆಯಿಂದ ಹಲವು ಕಾರುಗಳನ್ನು ಒರೆಸುವ ಪದ್ಧತಿಯಿದೆ. ಒಂದು ಕಾರಿನ ಧೂಳು ಬಟ್ಟೆಯಲ್ಲಿ ಉಳಿದು ಇನ್ನೊಂದನ್ನು ಗೀರುತ್ತದೆ. ಒರೆಸುವವರಿಗೆ ಆಯಾ ಕಾರಿಗೆ ಬೇರೆ ಮೈಕ್ರೋಫೈಬರ್ ಬಟ್ಟೆ ಕೊಡುವುದು, ಒಣಧೂಳನ್ನು ಒರೆಸದಂತೆ ತಿಳಿಸುವುದು ಪಾಲಿಶ್‌ಗಿಂತ ಅಗ್ಗದ ಪರಿಹಾರ.

ದಂಡು ಪ್ರದೇಶ ಮತ್ತು ಇಂದಿರಾನಗರದ ಸಾಲುಮರಗಳ ಕೆಳಗೆ ನಿಲ್ಲಿಸಿದ ಕಾರಿನ ಮೇಲೆ ಹಕ್ಕಿಗಳ ಹಿಕ್ಕೆ, ಮರದ ಅಂಟು ಮತ್ತು ಹೂವಿನ ಕಲೆಗಳು ಬೀಳುತ್ತವೆ. ಹಿಕ್ಕೆಯು ಬಿಸಿಲಿಗೆ ಒಣಗಿದರೆ ಕ್ಲಿಯರ್ ಕೋಟನ್ನು ತಿಂದು ಗುಂಡಿ ಮಾಡುತ್ತದೆ. ಮೆಟ್ರೋ ಕಾಮಗಾರಿ ನಡೆಯುವ ಹೊರವರ್ತುಲ ರಸ್ತೆಯ ಆಸುಪಾಸಿನಲ್ಲಿ ಸಿಮೆಂಟ್ ಧೂಳಿನ ತೊಂದರೆಯಿರುತ್ತದೆ. ಅದು ನೀರು ತಾಗಿ ಗಟ್ಟಿಯಾದರೆ ಉಜ್ಜಿ ತೆಗೆಯುವುದು ಕಷ್ಟ. ರೈಲು ಮಾರ್ಗಗಳ ಸಮೀಪ ಗಾಳಿಯಲ್ಲಿ ಬರುವ ಕಬ್ಬಿಣದ ಕಣಗಳು ತಿಳಿಬಣ್ಣದ ಕಾರುಗಳ ಮೇಲೆ ಕಿತ್ತಳೆ ಚುಕ್ಕೆಗಳಾಗಿ ಕಾಣಿಸಿಕೊಳ್ಳುತ್ತವೆ.

ಆಯುಧಪೂಜೆಯಂದು ಕಾರಿಗೆ ಹಚ್ಚುವ ಅರಿಸಿನ, ಕುಂಕುಮ, ವಿಭೂತಿಗಳನ್ನು ಮರುದಿನ ಒಣಬಟ್ಟೆಯಿಂದ ಒರೆಸಿದರೆ ಅವು ಸಾಣೆಪುಡಿಯಂತೆ ವರ್ತಿಸುತ್ತವೆ. ಅವನ್ನು ಮೊದಲು ನೀರಿನಿಂದ ನೆನೆಸಿ ಇಳಿಸಬೇಕು. ಬಾಳೆಕಂದು ಮತ್ತು ಹೂವಿನ ಹಾರಗಳನ್ನು ಕಟ್ಟುವ ದಾರವೂ ಕಾರು ಓಡುವಾಗ ಅಲುಗಾಡಿ ಬಣ್ಣವನ್ನು ಉಜ್ಜುತ್ತದೆ.

ಪೂರ್ವಪರೀಕ್ಷೆ

ಗೀರಿನ ಮೇಲೆ ಉಗುರನ್ನು ಮೆಲ್ಲಗೆ ಎಳೆದಾಗ ಅದು ಸಿಕ್ಕಿಕೊಂಡರೆ ಗೀರು ಆಳವಾಗಿದೆ ಎಂದರ್ಥ. ಅಂಥ ಗೀರನ್ನು ಪೂರ್ತಿ ಅಳಿಸಲು ಹೋಗಬಾರದು. ಅಂಚುಗಳನ್ನು ನಯಗೊಳಿಸಿ ಕಣ್ಣಿಗೆ ಕಡಿಮೆ ಕಾಣುವಂತೆ ಮಾಡುವುದು ಸಾಕು.

ಬಣ್ಣದ ದಪ್ಪವನ್ನು ಅಳೆಯುವ ಮಾಪಕ ದೊರೆತರೆ ಪ್ರತಿ ಫಲಕದ ಹಲವು ಕಡೆ ಅಳೆದು ಬರೆದಿಟ್ಟುಕೊಳ್ಳಬೇಕು. ಒಂದು ಬಾಗಿಲು ಮಾತ್ರ ಉಳಿದವಕ್ಕಿಂತ ಬಹಳ ದಪ್ಪವಿದ್ದರೆ ಅಲ್ಲಿ ಮರುಬಣ್ಣವಾಗಿದೆ ಎಂದು ಊಹಿಸಬಹುದು. 1,000 ಮೈಕ್ರಾನ್ ಮೀರಿದ ಅಳತೆ ಅಡಿಯಲ್ಲಿ ಪಟ್ಟಿ ಮೆತ್ತಿರುವುದರ ಸೂಚನೆ. ಮಾಪಕವು ಒಟ್ಟು ದಪ್ಪವನ್ನಷ್ಟೇ ಹೇಳುತ್ತದೆ. ಕ್ಲಿಯರ್ ಕೋಟ್ ಎಷ್ಟಿದೆ ಎಂಬುದನ್ನು ಹೇಳುವುದಿಲ್ಲ. ಸಾಮಾನ್ಯ ಮಾಪಕಗಳು ಪ್ಲಾಸ್ಟಿಕ್ ಬಂಪರ್‌ನ ಮೇಲೆ ಕೆಲಸ ಮಾಡುವುದಿಲ್ಲ.

ಯಂತ್ರಗಳ ವಿಧಗಳು

ರೋಟರಿ ಯಂತ್ರದಲ್ಲಿ ಪ್ಯಾಡ್ ಒಂದೇ ಅಕ್ಷದ ಮೇಲೆ ತಿರುಗುತ್ತದೆ. ಇದು ಬೇಗ ಕೆಲಸ ಮಾಡುತ್ತದೆ, ಬೇಗ ಬಿಸಿಯನ್ನೂ ಉಂಟುಮಾಡುತ್ತದೆ. ಅನನುಭವಿಗಳ ಕೈಯಲ್ಲಿ ಬಣ್ಣ ಸುಡುವ ಹಾಗೂ ಹೊಲೊಗ್ರಾಮ್ ಎಂಬ ಅಲೆಯಾಕಾರದ ಗುರುತು ಬಿಡುವ ಅಪಾಯ ಹೆಚ್ಚು. ಡ್ಯುಯಲ್ ಆಕ್ಷನ್ ಯಂತ್ರದಲ್ಲಿ ಪ್ಯಾಡ್ ತಿರುಗುವುದರ ಜೊತೆಗೆ ಕೇಂದ್ರದಿಂದ ಸರಿದು ಸುತ್ತುತ್ತದೆ. ಹೆಚ್ಚು ಒತ್ತಿದರೆ ಪ್ಯಾಡ್ ತಿರುಗುವುದು ತಾನಾಗಿಯೇ ನಿಲ್ಲುವುದರಿಂದ ಬಣ್ಣಕ್ಕೆ ಹಾನಿಯಾಗುವ ಸಂಭವ ಕಡಿಮೆ. ಈ ಸುತ್ತಾಟದ ವ್ಯಾಸವು ಸಾಮಾನ್ಯವಾಗಿ 8ರಿಂದ 21 ಮಿಲಿಮೀಟರ್ ಇರುತ್ತದೆ. ಆರಂಭಿಕರಿಗೆ 125 ಮಿಲಿಮೀಟರ್ ಹಿಂಬದಿ ಫಲಕವಿರುವ ಡ್ಯುಯಲ್ ಆಕ್ಷನ್ ಯಂತ್ರವೇ ಸೂಕ್ತ. ಮನೆಯ ಡ್ರಿಲ್ ಯಂತ್ರಕ್ಕೆ ಪ್ಯಾಡ್ ಸಿಕ್ಕಿಸಿ ಬಳಸುವುದು ರೋಟರಿಯ ಎಲ್ಲ ಅಪಾಯಗಳನ್ನೂ ಹೊಂದಿದ್ದು, ಹಿಡಿತ ಮಾತ್ರ ಅದಕ್ಕಿಂತ ಕಡಿಮೆಯಿರುತ್ತದೆ.

ಪ್ಯಾಡ್ ಮತ್ತು ದ್ರಾವಣಗಳು

ಉಣ್ಣೆ, ಮೈಕ್ರೋಫೈಬರ್ ಮತ್ತು ಸ್ಪಂಜಿನ ಪ್ಯಾಡ್‌ಗಳು ಬಳಕೆಯಲ್ಲಿವೆ. ಮೊದಲೆರಡು ಹೆಚ್ಚು ಸವೆಸುತ್ತವೆ; ಸ್ಪಂಜಿನಲ್ಲಿ ಗಡಸಿನಿಂದ ಮೃದುವಿನವರೆಗೆ ಹಲವು ದರ್ಜೆಗಳಿವೆ. ಪ್ಯಾಡ್‌ನ ಬಣ್ಣ ಅದರ ಗಡಸುತನವನ್ನು ಸೂಚಿಸುತ್ತದೆಯಾದರೂ ಈ ಸಂಕೇತ ಒಂದೊಂದು ತಯಾರಕರಲ್ಲಿ ಒಂದೊಂದು ರೀತಿ ಇರುವುದರಿಂದ ವಿವರವನ್ನು ಓದಿಯೇ ಕೊಳ್ಳಬೇಕು. ದ್ರಾವಣಗಳಲ್ಲಿ ಒರಟಾದುದಕ್ಕೆ ಕಾಂಪೌಂಡ್ ಎಂದೂ ನಯವಾದುದಕ್ಕೆ ಪಾಲಿಶ್ ಎಂದೂ ಹೆಸರು. ಇವುಗಳಲ್ಲಿ ಸಾಮಾನ್ಯವಾಗಿ ಅಲ್ಯೂಮಿನಿಯಂ ಆಕ್ಸೈಡ್‌ನ ಸೂಕ್ಷ್ಮ ಕಣಗಳಿರುತ್ತವೆ. ಒಂದು ಕಾರಿಗೆ ನಾಲ್ಕೈದು ಪ್ಯಾಡ್‌ಗಳಾದರೂ ಬೇಕು. ಕೊಳೆ ತುಂಬಿದ ಒಂದೇ ಪ್ಯಾಡ್‌ನಿಂದ ಇಡೀ ಕಾರನ್ನು ಮುಗಿಸಲಾಗದು.

ನೀರು ಮತ್ತು ತೊಳೆತ

ತೊಳೆಯದ ಕಾರನ್ನು ಪಾಲಿಶ್ ಮಾಡುವುದೆಂದರೆ ಧೂಳಿನಿಂದ ಉಜ್ಜಿದಂತೆ. ಆದರೆ ಬೆಂಗಳೂರಿನಲ್ಲಿ ನೀರಿನ ಬಳಕೆಗೆ ನಿರ್ಬಂಧಗಳಿವೆ. 2024ರ ಮಾರ್ಚ್‌ನಲ್ಲಿ ನೀರಿನ ಅಭಾವ ತಲೆದೋರಿದಾಗ ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯು ವಾಹನ ತೊಳೆಯಲು ಕುಡಿಯುವ ನೀರನ್ನು ಬಳಸುವುದನ್ನು ನಿಷೇಧಿಸಿ, ಉಲ್ಲಂಘಿಸಿದವರಿಗೆ 5,000 ರೂಪಾಯಿ ದಂಡವನ್ನು ಗೊತ್ತುಪಡಿಸಿತು. 2025ರ ಫೆಬ್ರವರಿಯಲ್ಲಿ ಇಂಥದೇ ಆದೇಶ ಮತ್ತೆ ಹೊರಬಿತ್ತು.

ಕೃಷ್ಣರಾಜಪುರ, ಮಹದೇವಪುರ ಭಾಗದ ಹಲವು ಬಡಾವಣೆಗಳು ಬಹುಕಾಲ ಕೊಳವೆಬಾವಿ ಮತ್ತು ಟ್ಯಾಂಕರ್ ನೀರನ್ನೇ ನೆಚ್ಚಿಕೊಂಡಿದ್ದವು. ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ ರೂಪಿಸಿದ ದಿನಕ್ಕೆ 775 ದಶಲಕ್ಷ ಲೀಟರ್ ಸಾಮರ್ಥ್ಯದ ಕಾವೇರಿ ಐದನೇ ಹಂತದ ಯೋಜನೆ 2024ರ ಅಕ್ಟೋಬರ್ 16ರಂದು ಉದ್ಘಾಟನೆಯಾಯಿತು. ಕೊಳವೆಬಾವಿಯ ಗಡಸು ನೀರು ಕಾರಿನ ಮೇಲೆ ಒಣಗಿದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಬಿಳಿ ಚುಕ್ಕೆಗಳಾಗಿ ಉಳಿಯುತ್ತವೆ. ಸಮುಚ್ಚಯಗಳ ಸಂಸ್ಕರಿಸಿದ ನೀರಿನಲ್ಲೂ ಕರಗಿದ ಲವಣಗಳಿರುವುದರಿಂದ ತೊಳೆದ ಕೂಡಲೇ ಒಣಗಿಸುವುದು ಅವಶ್ಯಕ. ಶೇಖರಿಸಿದ ಮಳೆನೀರು ಮೆದುವಾಗಿರುವುದರಿಂದ ಈ ಕೆಲಸಕ್ಕೆ ಚೆನ್ನಾಗಿ ಒದಗುತ್ತದೆ. ನಗರದಲ್ಲಿ ನಿಗದಿತ ಅಳತೆಯ ನಿವೇಶನಗಳಿಗೆ ಮಳೆನೀರು ಸಂಗ್ರಹ 2009ರ ಕಾಯ್ದೆ ತಿದ್ದುಪಡಿಯಿಂದ ಕಡ್ಡಾಯವಾಗಿದೆ.

ಎರಡು ಬಕೆಟ್ ವಿಧಾನದಲ್ಲಿ ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರಿಯ ನೀರು ಇಟ್ಟು, ಪ್ರತಿ ಫಲಕದ ಬಳಿಕ ಕೈಗವಸನ್ನು ಬರಿಯ ನೀರಿನಲ್ಲಿ ಜಾಲಿಸಿಕೊಳ್ಳಲಾಗುತ್ತದೆ. ತೊಳೆದ ಮೇಲೆ ಕೈಗೆ ತರಿತರಿಯಾಗಿ ತಾಗುವ ಕಣಗಳನ್ನು, ಸಾಕಷ್ಟು ಜಾರುದ್ರವ ಚಿಮುಕಿಸಿ, ಕ್ಲೇ ಎಂಬ ಜೇಡಿಯಂಥ ವಸ್ತುವಿನಿಂದ ತೆಗೆಯಬೇಕು.

ಸ್ಥಳ ಮತ್ತು ಕಾಲ

ನೆರಳು, ತಣ್ಣಗಿನ ಲೋಹ ಮತ್ತು ಧೂಳಿಲ್ಲದ ಜಾಗ ಮುಖ್ಯ. ಬೆಂಗಳೂರಿನಲ್ಲಿ ಮಳೆ ಕಡಿಮೆಯಾಗಿ ಹವೆ ತಂಪಾಗಿರುವ ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ಕಾಲ ಅನುಕೂಲಕರ. ನೆಲಮಾಳಿಗೆಯ ಪಾರ್ಕಿಂಗ್‌ನಲ್ಲಿ ನೆರಳಿದ್ದರೂ ಕೊಳವೆ ದೀಪಗಳ ಚದುರಿದ ಬೆಳಕಿನಲ್ಲಿ ಗೀರುಗಳು ಕಾಣುವುದಿಲ್ಲ. ಕೈಯಲ್ಲಿ ಹಿಡಿಯುವ ಎಲ್‌ಇಡಿ ದೀಪ ಬೇಕಾಗುತ್ತದೆ. ಸಾಮಾನ್ಯ ಬಳಕೆಯ ಪ್ಲಗ್ ಪಾಯಿಂಟಿಗೆ ನಿವಾಸಿಗಳ ಸಂಘದ ಅನುಮತಿ ಪಡೆಯಬೇಕು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಶಬ್ದಮಿತಿ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ 55 ಡೆಸಿಬಲ್, ರಾತ್ರಿ 45 ಡೆಸಿಬಲ್ ಆಗಿರುವುದರಿಂದ ಈ ಕೆಲಸಕ್ಕೆ ಹಗಲಿನ ಹೊತ್ತೇ ಸರಿ.

ವಿಧಾನ

ಮೊದಲ ಪ್ರಯೋಗವನ್ನು ಸ್ವಂತ ಕಾರಿನ ಮೇಲೆ ಮಾಡದಿರುವುದು ಒಳ್ಳೆಯದು. ಶಿವಾಜಿನಗರದ ಗುಜರಿ ಮತ್ತು ಹಳೆಯ ಬಿಡಿಭಾಗಗಳ ಅಂಗಡಿಗಳಂಥ ಕಡೆ ಸಿಗುವ ಹಳೆಯ ಬಾನೆಟ್ ಅಥವಾ ಬಾಗಿಲಿನ ಮೇಲೆ ಕೈ ಪಳಗಿಸಿಕೊಳ್ಳಬಹುದು. ಅನಂತರದ ಹಂತಗಳು ಹೀಗಿವೆ:

1. ರಬ್ಬರ್ ಪಟ್ಟಿ, ಕಪ್ಪು ಪ್ಲಾಸ್ಟಿಕ್ ಭಾಗ ಮತ್ತು ಫಲಕಗಳ ಚೂಪಾದ ಅಂಚುಗಳಿಗೆ ಮಾಸ್ಕಿಂಗ್ ಟೇಪ್ ಅಂಟಿಸುವುದು. ಅಂಚುಗಳಲ್ಲಿ ಬಣ್ಣ ಎಲ್ಲಕ್ಕಿಂತ ತೆಳುವಾಗಿರುತ್ತದೆ.
2. ಬಾನೆಟ್‌ನ ಮೇಲೆ ಸುಮಾರು 50 ಸೆಂಟಿಮೀಟರ್ ಚೌಕವನ್ನು ಪರೀಕ್ಷಾ ಜಾಗವಾಗಿ ಗುರುತಿಸಿ, ಮೃದುವಾದ ಪ್ಯಾಡ್ ಮತ್ತು ನಯವಾದ ಪಾಲಿಶ್‌ನಿಂದ ಆರಂಭಿಸುವುದು. ಫಲಿತಾಂಶ ಸಾಲದಿದ್ದರೆ ಮಾತ್ರ ಒಂದು ಮೆಟ್ಟಿಲು ಒರಟಾದುದಕ್ಕೆ ಹೋಗಬೇಕು.
3. ಪ್ಯಾಡ್‌ನ ಮೇಲೆ ಬಟಾಣಿ ಗಾತ್ರದ ನಾಲ್ಕೈದು ಹನಿ ಹಾಕಿ, ಯಂತ್ರವನ್ನು ಚಾಲೂ ಮಾಡುವ ಮೊದಲೇ ಫಲಕದ ಮೇಲಿಟ್ಟು, ಕಡಿಮೆ ವೇಗದಲ್ಲಿ ಹರಡುವುದು.
4. ಆರು ಹಂತಗಳ ವೇಗವಿರುವ ಯಂತ್ರದಲ್ಲಿ ನಾಲ್ಕು ಅಥವಾ ಐದಕ್ಕೆ ಏರಿಸಿ, ಸೆಕೆಂಡಿಗೆ ಎರಡು ಮೂರು ಸೆಂಟಿಮೀಟರಿನಂತೆ ನಿಧಾನವಾಗಿ ಸಾಗಿಸುವುದು. ಒಂದು ಸಾಲು ಹಿಂದಿನ ಸಾಲನ್ನು ಅರ್ಧದಷ್ಟು ಆವರಿಸಬೇಕು. ಮೊದಲು ಅಡ್ಡಲಾಗಿ, ಬಳಿಕ ಉದ್ದಕ್ಕೆ, ಹೀಗೆ ನಾಲ್ಕು ಸಲ ಹಾಯಿಸಿದರೆ ಒಂದು ಸುತ್ತು.
5. ಹಿಂಬದಿ ಫಲಕದ ಮೇಲೆ ಮಾರ್ಕರ್‌ನಿಂದ ಗೆರೆ ಎಳೆದುಕೊಂಡರೆ ಪ್ಯಾಡ್ ತಿರುಗುತ್ತಿದೆಯೇ ಎಂಬುದು ಕಾಣುತ್ತದೆ. ತಿರುಗದಿದ್ದರೆ ಒತ್ತಡ ಹೆಚ್ಚಾಗಿದೆ ಅಥವಾ ಪ್ಯಾಡ್ ವಾಲಿದೆ.
6. ಯಂತ್ರವನ್ನು ನಿಲ್ಲಿಸಿದ ಮೇಲೆಯೇ ಎತ್ತಿ, ಉಳಿಕೆಯನ್ನು ಶುದ್ಧ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸುವುದು. ಪಾಲಿಶ್‌ನಲ್ಲಿರುವ ಎಣ್ಣೆಯಂಶ ಗೀರುಗಳನ್ನು ತಾತ್ಕಾಲಿಕವಾಗಿ ಮುಚ್ಚಿರಬಹುದು. ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ ದೀಪದ ಬೆಳಕಿನಲ್ಲಿ ನಿಜವಾದ ಫಲಿತಾಂಶವನ್ನು ನೋಡುವುದು.

ಪರೀಕ್ಷಾ ಜಾಗದಲ್ಲಿ ತೃಪ್ತಿಕರ ಎನಿಸಿದ ಪ್ಯಾಡ್, ದ್ರಾವಣ ಮತ್ತು ಸುತ್ತುಗಳ ಸಂಖ್ಯೆಯನ್ನೇ ಉಳಿದ ಕಾರಿಗೆ ಅನುಸರಿಸಲಾಗುತ್ತದೆ. ಪ್ಲಾಸ್ಟಿಕ್ ಬಂಪರ್‌ಗಳು ಬಿಸಿಯನ್ನು ಲೋಹದಷ್ಟು ಬೇಗ ಹರಡುವುದಿಲ್ಲ. ಅಲ್ಲಿ ವೇಗ ತಗ್ಗಿಸಿ, ಆಗಾಗ ಅಂಗೈಯಿಂದ ಮುಟ್ಟಿ ನೋಡುತ್ತಿರಬೇಕು.

ಸುರಕ್ಷತೆ

ಕಣ್ಣಿಗೆ ಕನ್ನಡಕ, ಮೂಗಿಗೆ ಧೂಳು ತಡೆಯುವ ಮುಖಗವಸು ಧರಿಸಬೇಕು. ಯಂತ್ರದ ತಂತಿಯನ್ನು ಹೆಗಲ ಮೇಲೆ ಹಾಕಿಕೊಂಡರೆ ಅದು ಪ್ಯಾಡ್‌ಗೆ ಸುತ್ತಿಕೊಳ್ಳುವುದಿಲ್ಲ, ಬಣ್ಣವನ್ನೂ ಗೀರುವುದಿಲ್ಲ. ನೆಲ ಒದ್ದೆಯಿರುವ ಕಡೆ ಯಂತ್ರ ಬಳಸಬಾರದು. ವಿದ್ಯುತ್ ಸಂಪರ್ಕದಲ್ಲಿ ಸೋರಿಕೆಯನ್ನು ತಡೆಯುವ ಸ್ವಿಚ್ ಇರಬೇಕು. ಐಸೊಪ್ರೊಪೈಲ್ ಆಲ್ಕೋಹಾಲ್ ಬೇಗ ಹೊತ್ತಿಕೊಳ್ಳುವ ದ್ರವವಾದ್ದರಿಂದ ಮುಚ್ಚಿದ ನೆಲಮಾಳಿಗೆಯಲ್ಲಿ ಗಾಳಿಯಾಡುವಂತೆ ನೋಡಿಕೊಳ್ಳಬೇಕು. ಪ್ಯಾಡ್ ತೊಳೆದ ನೀರನ್ನು ಮಳೆನೀರು ಚರಂಡಿಗೆ ಬಿಡಬಾರದು. ಹಲಸೂರು, ಇಂದಿರಾನಗರ ಭಾಗದ ಕಾಲುವೆಗಳ ನೀರು ಚಲ್ಲಘಟ್ಟ ಕಣಿವೆಯ ಮೂಲಕ ಬೆಳ್ಳಂದೂರು ಕೆರೆಯತ್ತ ಹರಿಯುತ್ತದೆ.

ಮಿತಿಗಳು

ಪಾಲಿಶ್‌ನಿಂದ ಕಲ್ಲೇಟು, ಪ್ರೈಮರ್‌ವರೆಗೆ ಇಳಿದ ಗೀರು, ತುಕ್ಕು ಮತ್ತು ಸಿಪ್ಪೆಯೆದ್ದ ಕ್ಲಿಯರ್ ಕೋಟ್ ಸರಿಹೋಗುವುದಿಲ್ಲ. ಪಾಲಿಶ್ ಆದ ಮೇಲೆ ಬಣ್ಣದ ಮೇಲೆ ರಕ್ಷಣೆಯ ಪದರ ಇರುವುದಿಲ್ಲವಾದ್ದರಿಂದ ಮೇಣ, ಸೀಲೆಂಟ್ ಅಥವಾ ಸೆರಾಮಿಕ್ ಲೇಪನ ಹಚ್ಚಲಾಗುತ್ತದೆ. ಪ್ರತಿ ಪಾಲಿಶ್ ಕ್ಲಿಯರ್ ಕೋಟ್‌ನಿಂದ ಒಂದಿಷ್ಟನ್ನು ಕಳೆಯುವುದರಿಂದ, ಒರಟು ಕಾಂಪೌಂಡ್‌ನ ಕೆಲಸವನ್ನು ಕಾರಿನ ಆಯುಷ್ಯದಲ್ಲಿ ಕೆಲವೇ ಸಲ ಮಾಡಬಹುದು. ತೊಳೆಯುವ ಮತ್ತು ಒರೆಸುವ ಕ್ರಮ ಬದಲಾಗದಿದ್ದರೆ ಅದೇ ಸುರುಳಿ ಗೀರುಗಳು ಕೆಲವು ತಿಂಗಳಲ್ಲಿ ಮತ್ತೆ ಕಾಣಿಸಿಕೊಳ್ಳುತ್ತವೆ; ಅವನ್ನು ಅಳಿಸಲು ಬೇಕಾದ ಪದರ ಮಾತ್ರ ಮೊದಲಿಗಿಂತ ತೆಳುವಾಗಿರುತ್ತದೆ.