ಗ್ರಾಫಿಕ್ಸ್ ಕಾರ್ಡ್ ಆಯ್ಕೆ

ಗ್ರಾಫಿಕ್ಸ್ ಕಾರ್ಡ್ ಎಂಬುದು ಗಣಕಯಂತ್ರದ ಪರದೆಯ ಮೇಲೆ ಮೂಡುವ ಚಿತ್ರಗಳನ್ನು ಲೆಕ್ಕಹಾಕಿ ರೂಪಿಸುವ ಯಂತ್ರಾಂಶವಾಗಿದೆ. ಇದರ ಮುಖ್ಯ ಭಾಗ ಜಿಪಿಯು ಎಂಬ ಸಂಸ್ಕಾರಕ. 1999ರಲ್ಲಿ ಎನ್‌ವಿಡಿಯಾ ಸಂಸ್ಥೆಯು ಜೀಫೋರ್ಸ್ 256 ಅನ್ನು ಹೊರತಂದಾಗ ಈ ಹೆಸರು ಜನಪ್ರಿಯವಾಯಿತು. ಎಎಂಡಿ ಮತ್ತು ಇಂಟೆಲ್ ಇತರ ಪ್ರಮುಖ ತಯಾರಕರು. ಎಎಂಡಿಯ ಅತಿದೊಡ್ಡ ವಿನ್ಯಾಸ ಕೇಂದ್ರವು 2023ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಬಿಡಿಭಾಗಗಳನ್ನು ಆರಿಸಿ ಜೋಡಿಸುವ ಗಣಕಯಂತ್ರದಲ್ಲಿ ಕಾರ್ಡ್ ಉಳಿದ ಭಾಗಗಳಿಗೆ ಹೊಂದದಿದ್ದರೆ ಅದಕ್ಕೆ ತೆತ್ತ ಹಣ ವ್ಯರ್ಥವಾಗುತ್ತದೆ.

ಅಗತ್ಯ

ಬರವಣಿಗೆ, ಡಿಟಿಪಿ, ಅಂತರಜಾಲ ವೀಕ್ಷಣೆ ಮೊದಲಾದ ಕೆಲಸಗಳಿಗೆ ಮುಖ್ಯ ಸಂಸ್ಕಾರಕದಲ್ಲೇ ಅಡಕವಾಗಿರುವ ಗ್ರಾಫಿಕ್ಸ್ ಸಾಕಾಗುತ್ತದೆ. ವಿಡಿಯೊ ಸಂಕಲನ, ತ್ರಿಆಯಾಮ ವಿನ್ಯಾಸ, ಆಟಗಳು ಹಾಗೂ ಕೃತಕ ಬುದ್ಧಿಮತ್ತೆಯ ಅಭ್ಯಾಸಕ್ಕೆ ಪ್ರತ್ಯೇಕ ಕಾರ್ಡ್ ಉಪಯುಕ್ತ.

ಸ್ಲಾಟ್ ಮತ್ತು ಅಳತೆ

ಕಾರ್ಡನ್ನು ಮದರ್‌ಬೋರ್ಡಿನ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿನಲ್ಲಿ ಕೂರಿಸಲಾಗುತ್ತದೆ. ಈ ಸ್ಲಾಟಿನ ಹಳೆಯ ಹಾಗೂ ಹೊಸ ಆವೃತ್ತಿಗಳು ಸಾಮಾನ್ಯವಾಗಿ ಪರಸ್ಪರ ಹೊಂದುತ್ತವೆ. ಆದರೆ ಹಳೆಯದರಲ್ಲಿ ವೇಗ ಕಡಿಮೆಯಾಗಬಹುದು. ಎನ್‌ವಿಡಿಯಾ ತಯಾರಿಸಿದ ಆರ್‌ಟಿಎಕ್ಸ್ 4090 ಕಾರ್ಡಿನ ಉದ್ದ 304 ಮಿ.ಮೀ. ಆದ್ದರಿಂದ ಕ್ಯಾಬಿನೆಟ್‌ನ ಒಳ ಅಳತೆಯನ್ನು ಮೊದಲೇ ನೋಡಬೇಕು.

ವಿದ್ಯುತ್

ಸ್ಲಾಟಿನಿಂದ ಗರಿಷ್ಠ 75 ವ್ಯಾಟ್ ಮಾತ್ರ ದೊರೆಯುತ್ತದೆ. ಹೆಚ್ಚಿನದನ್ನು ಎಸ್‌ಎಂಪಿಎಸ್‌ನಿಂದ ಬರುವ ಪ್ರತ್ಯೇಕ ತಂತಿಗಳು ಒದಗಿಸುತ್ತವೆ: 6 ಪಿನ್ನಿನದು 75 ವ್ಯಾಟ್, 8 ಪಿನ್ನಿನದು 150 ವ್ಯಾಟ್. ಆರ್‌ಟಿಎಕ್ಸ್ 3060 ಕಾರ್ಡಿಗೆ 170 ವ್ಯಾಟ್ ಬೇಕು. ತಯಾರಕರು ಅದಕ್ಕೆ 550 ವ್ಯಾಟ್ ಎಸ್‌ಎಂಪಿಎಸ್ ಸೂಚಿಸುತ್ತಾರೆ. 450 ವ್ಯಾಟ್ ಬಳಸುವ ಆರ್‌ಟಿಎಕ್ಸ್ 4090ಕ್ಕೆ ಸೂಚಿಸಿರುವುದು 850 ವ್ಯಾಟ್. ಅಗ್ಗದ ಎಸ್‌ಎಂಪಿಎಸ್ ಕೆಟ್ಟರೆ ಇತರ ಭಾಗಗಳಿಗೂ ಹಾನಿಯಾಗಬಹುದು.

ಮನೆಗಳಲ್ಲಿ ಸಾಮಾನ್ಯವಾಗಿರುವ 600 ವಿಎ ಯುಪಿಎಸ್ ಸುಮಾರು 360 ವ್ಯಾಟ್ ಹೊರೆಯನ್ನಷ್ಟೇ ತಾಳುತ್ತದೆ. ಹೊರೆ ಮಿತಿ ಮೀರಿದರೆ ವಿದ್ಯುತ್ ಹೋದ ಕ್ಷಣದಲ್ಲೇ ಗಣಕಯಂತ್ರವೂ ಆರಿ, ಉಳಿಸದ ಕೆಲಸ ನಷ್ಟವಾಗುತ್ತದೆ. ಆದುದರಿಂದ ಕಾರ್ಡಿನ ವೆಚ್ಚದೊಂದಿಗೆ ತಕ್ಕ ಯುಪಿಎಸ್‌ನ ವೆಚ್ಚವನ್ನೂ ಲೆಕ್ಕಿಸಬೇಕಾಗುತ್ತದೆ.

ಸಂಸ್ಕಾರಕ ಮತ್ತು ಪರದೆ

ಮುಖ್ಯ ಸಂಸ್ಕಾರಕ ನಿಧಾನವಾಗಿದ್ದರೆ ಕಾರ್ಡ್ ಕೆಲಸವಿಲ್ಲದೆ ಕಾಯಬೇಕಾಗುತ್ತದೆ. ಸೆಕೆಂಡಿಗೆ 60 ಬಾರಿ ಬದಲಾಗುವ ಪರದೆಯು ಅದಕ್ಕಿಂತ ಹೆಚ್ಚು ಚಿತ್ರಗಳನ್ನು ತೋರಿಸಲಾರದು. ಹೊಸ ಕಾರ್ಡುಗಳಲ್ಲಿ ವಿಜಿಎ ಕಿಂಡಿ ಇರುವುದಿಲ್ಲ. ಹಳೆಯ ಪರದೆಗೆ ಪರಿವರ್ತಕ ಬೇಕಾಗುತ್ತದೆ.

ಹವಾಮಾನ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗಗಳಲ್ಲಿ ಬೇಸಿಗೆಯ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಕಾರ್ಡಿನ ಫ್ಯಾನುಗಳು ಸುತ್ತಲಿನ ಗಾಳಿಯಿಂದಲೇ ಅದನ್ನು ತಂಪಾಗಿಸುವುದರಿಂದ, ಕೋಣೆ ಬಿಸಿಯಾದಷ್ಟೂ ಕಾರ್ಡೂ ಬಿಸಿಯಾಗುತ್ತದೆ. ಉಷ್ಣತೆಯ ಮಿತಿ ತಲುಪಿದಾಗ ಅದು ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ. ಇಂತಹ ಪ್ರದೇಶಗಳಲ್ಲಿ ಗಾಳಿಯಾಡುವ ಕ್ಯಾಬಿನೆಟ್ ಹಾಗೂ ಆಗಾಗ ಧೂಳು ತೆಗೆಯುವುದು ಅಗತ್ಯ. ಕಡಿಮೆ ವಿದ್ಯುತ್ ಬಳಸುವ ಮಧ್ಯಮ ದರ್ಜೆಯ ಕಾರ್ಡ್ ಅನೇಕ ಸಂದರ್ಭಗಳಲ್ಲಿ ಹೆಚ್ಚು ಸೂಕ್ತವೆನಿಸುತ್ತದೆ.