62 ಇಂಚಿನೊಳಗೆ ಒಂದು ಸೈಕಲ್

62 ಇಂಚು. ವೀಕ್ಷಕರೇ, ಈ ಸಂಖ್ಯೆಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಸೆಂಟಿಮೀಟರ್ ಲೆಕ್ಕದಲ್ಲಿ 158. ವಿದೇಶಕ್ಕೆ ಹಾರುವ ಬಹುತೇಕ ವಿಮಾನಗಳಲ್ಲಿ ನೀವು ಕೌಂಟರ್‌ಗೆ ಒಪ್ಪಿಸುವ ಸೂಟ್‌ಕೇಸ್ ಇದೆಯಲ್ಲ, ಅದರ ಉದ್ದ, ಅಗಲ, ಎತ್ತರ ಮೂರನ್ನೂ ಕೂಡಿಸಿದರೆ ಇದಕ್ಕಿಂತ ಜಾಸ್ತಿ ಆಗಬಾರದು. ತೂಕ 23 ಕಿಲೋ ದಾಟಬಾರದು. ದಾಟಿತು ಅಂದ್ರೆ ಜೇಬಿಗೆ ಕತ್ತರಿ.

ಈ ನಿಯಮಕ್ಕೂ ಸೈಕಲ್‌ಗೂ ಏನು ಸಂಬಂಧ? ಇದೆ. ಮಾಮೂಲಿ ರಸ್ತೆ ಸೈಕಲ್‌ನ ಚಕ್ರ ಟೈರ್ ಸಮೇತ ಸುಮಾರು 27 ಇಂಚು ಅಡ್ಡಗಲ ಇರುತ್ತದೆ. ಅದನ್ನು ಒಂದು ಪೆಟ್ಟಿಗೆಗೆ ಹಾಕಿದಿರಿ ಅಂತಿಟ್ಟುಕೊಳ್ಳಿ. ಉದ್ದ 27, ಎತ್ತರ 27, ಅಲ್ಲಿಗೆ 54 ಖರ್ಚಾಯಿತು. ಉಳಿದದ್ದು 8 ಇಂಚು. ಆ ಎಂಟು ಇಂಚಿನ ದಪ್ಪದಲ್ಲಿ ಎರಡು ಚಕ್ರ, ಫ್ರೇಮು, ಹ್ಯಾಂಡಲ್ಲು, ಪೆಡಲ್ಲು, ಚೈನು ಎಲ್ಲಾ ಕೂರಬೇಕು. ಕೂರುತ್ತಾ?

ಬೆಂಗಳೂರಿನಿಂದ ವರ್ಷ ಎರಡು ವರ್ಷದ ಪ್ರಾಜೆಕ್ಟ್‌ಗೆ ಅಂತ ಆಮ್‌ಸ್ಟರ್‌ಡ್ಯಾಮ್‌ಗೋ ಲಂಡನ್‌ಗೋ ಹೊರಟ ಹುಡುಗ ಹುಡುಗಿಯರು ಒಂದೇ ಪ್ರಶ್ನೆ ಕೇಳುತ್ತಾರೆ. 'ಸರ್, ಫೋಲ್ಡಿಂಗ್ ಸೈಕಲ್ ತಗೋಬೇಕು. ವಿಮಾನದಲ್ಲೂ ಹೋಗಬೇಕು, ಓಡಿಸಿದರೆ ಸೈಕಲ್ ಥರಾನೇ ಇರಬೇಕು, ಆಟದ ಸಾಮಾನಿನ ಥರ ಅಲ್ಲ. ಯಾವುದು ತಗೊಳ್ಳಲಿ?' ಒಳ್ಳೆಯ ಪ್ರಶ್ನೆ. ಲಕ್ಷದ ಮೇಲೆ ಖರ್ಚಾಗುವ ವಿಷಯ. ಆದರೆ ಕಂಪನಿಗಳ ಜಾಹೀರಾತಿನಲ್ಲಿ ಇದಕ್ಕೆ ಉತ್ತರ ಸಿಗೋದಿಲ್ಲ, ಇತಿಹಾಸದಲ್ಲಿ ಸಿಗುತ್ತದೆ. ಯಾಕೆಂದರೆ ಲೋಕದಲ್ಲಿ ಹುಟ್ಟಿದ ಒಂದೊಂದು ಮಡಚುವ ಸೈಕಲ್ಲೂ ಯಾವುದೋ ಒಂದು ಜಾಗದೊಳಗೆ ತೂರಿಕೊಳ್ಳಲು ಹುಟ್ಟಿದ್ದು. ಆ ಜಾಗ ಯಾವುದು ಅಂತ ಗೊತ್ತಾದರೆ ಸೈಕಲ್ಲಿನ ಜಾತಕವೇ ಗೊತ್ತಾದ ಹಾಗೆ.

ಮೊದಲ ಜಾಗ ಸೈನಿಕನ ಬೆನ್ನು. 1878ರಲ್ಲೇ ಇಂಗ್ಲೆಂಡಿನ ವಿಲಿಯಂ ಗ್ರೌಟ್ ಎಂಬಾತ ದೊಡ್ಡ ಮುಂಚಕ್ರದ ಸೈಕಲ್ಲನ್ನು ಬಿಡಿಬಿಡಿಯಾಗಿ ಕಳಚುವ ಉಪಾಯ ಹುಡುಕಿದ್ದ. ಆದರೆ ಅದು ಮಡಚುವುದಲ್ಲ, ಬಿಚ್ಚುವುದು. ನಿಜವಾಗಿ ಮಡಚುವ ಸೈಕಲ್ಲು ಬಳಕೆಗೆ ಬಂದದ್ದು 1890ರ ದಶಕದಲ್ಲಿ, ಫ್ರಾನ್ಸಿನ ಸೇನೆಯಲ್ಲಿ. ಕ್ಯಾಪ್ಟನ್ ಜೆರಾರ್ ಎಂಬ ಅಧಿಕಾರಿಯ ಲೆಕ್ಕ ಸರಳ. ರಸ್ತೆ ಇರುವ ತನಕ ಸೈಕಲ್ಲು ಸೈನಿಕನನ್ನು ಹೊರಬೇಕು, ರಸ್ತೆ ಮುಗಿದ ಮೇಲೆ ಸೈನಿಕ ಸೈಕಲ್ಲನ್ನು ಹೊರಬೇಕು. ಮೊದಲ ಮಹಾಯುದ್ಧದಲ್ಲಿ ಇಟಲಿಯ ಬೆರ್ಸಾಲ್ಯೇರಿ ಪಡೆಯವರು ಮಡಚಿದ ಬಿಯಾಂಕಿ ಸೈಕಲ್ಲನ್ನು ಬೆನ್ನಿಗೆ ಕಟ್ಟಿಕೊಂಡು ಹೊರಟದ್ದೂ ಇದೇ ಲೆಕ್ಕದ ಮೇಲೆ.

ಎರಡನೆಯ ಮಹಾಯುದ್ಧದಲ್ಲಿ ಸೈಕಲ್ಲು ಮೊದಲ ಸಲ ಆಕಾಶಕ್ಕೆ ಏರಿತು. ಇಲ್ಲಿ ನಮಗೆಲ್ಲ ಪರಿಚಯದ ಒಂದು ಹೆಸರು ಬರುತ್ತದೆ. ಬಿಎಸ್‌ಎ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಎಸ್ಸೆಸ್ಸೆಲ್ಸಿ ಪಾಸಾದ ಮಗನಿಗೆ ಕೊಡಿಸುತ್ತಿದ್ದದ್ದು ಬಿಎಸ್‌ಎ ಎಸ್‌ಎಲ್‌ಆರ್. ಅದನ್ನು ಮಾಡುತ್ತಿದ್ದದ್ದು ಮದ್ರಾಸಿನ ಟಿಐ ಸೈಕಲ್ಸ್. ಆ ಮೂರಕ್ಷರದ ಅರ್ಥ ಎಷ್ಟು ಜನಕ್ಕೆ ಗೊತ್ತು? ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್. ಅಂದರೆ ಬಂದೂಕು ಕಂಪನಿ! 1861ರಲ್ಲಿ ಬಂದೂಕು ಮಾಡಲೆಂದೇ ಶುರುವಾದದ್ದು, ಆಮೇಲೆ ಸೈಕಲ್ಲಿಗೆ ಬಂತು. ಬ್ರಿಟಿಷ್ ಪ್ಯಾರಾಟ್ರೂಪರ್‌ಗಳಿಗೆಂದು ಯುದ್ಧದ ನಡುವೆ ಈ ಕಂಪನಿ ಒಂದು ಮಡಚುವ ಸೈಕಲ್ ಮಾಡಿತು. ಫ್ರೇಮಿನ ಮಧ್ಯದಲ್ಲಿ ಎರಡು ಕೀಲು, ಕೈಯಲ್ಲೇ ತಿರುಗಿಸಿ ಬಿಗಿ ಮಾಡುವ ರೆಕ್ಕೆ ನಟ್ಟು. ಪೆಡಲ್ ಅಂದರೆ ಬರೀ ಒಂದು ಗೂಟ, ಒತ್ತಿದರೆ ಒಳಕ್ಕೆ ಹೋಗುತ್ತದೆ. ವಿಮಾನದ ಬಾಗಿಲಲ್ಲಿ ಸಿಕ್ಕಿಹಾಕಿಕೊಳ್ಳಬಾರದಲ್ಲ! ಹಾರುವಾಗ ಸೀಟು ಮತ್ತು ಹ್ಯಾಂಡಲ್ ಕೆಳಮುಖವಾಗಿ ಇರಬೇಕು. ನೆಲಕ್ಕೆ ಅಪ್ಪಳಿಸಿದಾಗ ಅವೆರಡು ಪೆಟ್ಟು ತಿಂದರೂ ಪರವಾಗಿಲ್ಲ, ಚಕ್ರ ಸೊಟ್ಟಗಾಗಬಾರದು ಅನ್ನೋದು ಯೋಚನೆ. ಇಂಥವು 60 ಸಾವಿರಕ್ಕೂ ಹೆಚ್ಚು ತಯಾರಾದವು. 1944ರ ಜೂನ್ 6ರಂದು ನಾರ್ಮಂಡಿ ತೀರದಲ್ಲಿ ಇಳಿದ ಬ್ರಿಟಿಷ್ ಮತ್ತು ಕೆನಡಾ ಸೈನಿಕರ ಹೆಗಲ ಮೇಲೆ ಈ ಸೈಕಲ್ಲುಗಳಿದ್ದವು. ಆ ದಿನದ ಫೋಟೋಗಳಲ್ಲಿ ಈಗಲೂ ಕಾಣುತ್ತವೆ.

ಗಮನಿಸಿ, ಇಲ್ಲಿಯವರೆಗಿನ ಈ ಸೇನಾ ಸೈಕಲ್ಲುಗಳಲ್ಲಿ ಚಕ್ರ ಹೆಚ್ಚುಕಡಿಮೆ ಮಾಮೂಲಿ ಗಾತ್ರದ್ದೇ. ಅರ್ಧಕ್ಕೆ ಮಡಚಿದರೂ ಆ ಚಕ್ರ ಎಲ್ಲಿಗೆ ಹೋಗುತ್ತದೆ? ಚಕ್ರ ಚಿಕ್ಕದಾಗದೆ ಬೇರೆ ದಾರಿ ಇರಲಿಲ್ಲ. ಆದರೆ ಚಿಕ್ಕ ಚಕ್ರ ಅಂದ ತಕ್ಷಣ ಎಲ್ಲರದ್ದೂ ಒಂದೇ ಮಾತು. 'ಅಯ್ಯೋ, ಅದು ಓಡಲ್ಲ, ಮಕ್ಕಳ ಸೈಕಲ್ಲು.' ಇವತ್ತಿಗೂ ಇದೇ ಮಾತು. ಈ ಮಾತು ಸುಳ್ಳು ಅಂತ 60 ವರ್ಷದ ಹಿಂದೆಯೇ ಸಾಬೀತಾಗಿತ್ತು.

1956ರ ಜುಲೈನಲ್ಲಿ ಈಜಿಪ್ಟಿನ ನಾಸೆರ್ ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಣ ಮಾಡಿದರು. ಯುದ್ಧವಾಯಿತು, ಕಾಲುವೆ ಮುಚ್ಚಿತು, ಬ್ರಿಟನ್ನಿನಲ್ಲಿ ಪೆಟ್ರೋಲಿಗೆ ರೇಷನ್ ಬಂತು. ಆಗ ಅಲೆಕ್ಸ್ ಮೌಲ್ಟನ್ ಎಂಬ ಎಂಜಿನಿಯರ್ ಸೈಕಲ್ಲಿನ ಬಗ್ಗೆ ಯೋಚಿಸಲು ಕೂತ. ಈತ ಸಾಮಾನ್ಯ ಆಸಾಮಿ ಅಲ್ಲ. ಮನೆತನದ್ದು ರಬ್ಬರ್ ಉದ್ಯಮ. 1959ರಲ್ಲಿ ಬಂದ ಮಿನಿ ಕಾರಿನ ರಬ್ಬರ್ ಸಸ್ಪೆನ್ಷನ್ ಈತನದ್ದೇ ಕೆಲಸ. ಪುಟ್ಟ ಚಕ್ರದ ಕಾರು ಆರಾಮಾಗಿ ಓಡುವುದಾದರೆ ಪುಟ್ಟ ಚಕ್ರದ ಸೈಕಲ್ಲು ಯಾಕೆ ಓಡಬಾರದು? ಚಿಕ್ಕ ಚಕ್ರದ ಟೈರಿಗೆ ಗಾಳಿ ಗಟ್ಟಿಯಾಗಿ ಹೊಡೆದರೆ ಸರಾಗವಾಗಿ ಉರುಳುತ್ತದೆ. ಗಟ್ಟಿ ಗಾಳಿಯಿಂದ ಕುಲುಕಾಟ ಜಾಸ್ತಿಯಾಗುತ್ತಲ್ಲ, ಅದನ್ನು ರಬ್ಬರ್ ಸಸ್ಪೆನ್ಷನ್ ನುಂಗಿಕೊಳ್ಳುತ್ತದೆ. ಇಷ್ಟೇ ಸೂತ್ರ. ರ‍್ಯಾಲೆ ಕಂಪನಿ ಬೇಡ ಅಂದಿತು. ಆತ ತಾನೇ ಕಾರ್ಖಾನೆ ಹಾಕಿ, 1962ರಲ್ಲಿ 16 ಇಂಚಿನ ಚಕ್ರದ ಸೈಕಲ್ ಬಿಡುಗಡೆ ಮಾಡಿದ.

ಅದೇ ವರ್ಷದ ಡಿಸೆಂಬರಿನಲ್ಲಿ ಜಾನ್ ವುಡ್‌ಬರ್ನ್ ಎಂಬ ರೇಸ್ ಸವಾರ ಈ 'ಮಕ್ಕಳ ಸೈಕಲ್' ಹತ್ತಿ ಕಾರ್ಡಿಫ್‌ನಿಂದ ಲಂಡನ್ನಿಗೆ ಹೊರಟ. 6 ಗಂಟೆ 44 ನಿಮಿಷದೊಳಗೆ ಮುಟ್ಟಿದ. ಸರಾಸರಿ ವೇಗ ಗಂಟೆಗೆ ಸುಮಾರು 38 ಕಿಲೋಮೀಟರ್. ಹಳೆಯ ದಾಖಲೆ ಪುಡಿ. ಅದೂ ಸಾಲದು ಅಂತ 1986ರಲ್ಲಿ ವ್ಯಾಂಕೂವರ್‌ನಲ್ಲಿ ಜಿಮ್ ಗ್ಲೋವರ್, ಸುತ್ತ ಗಾಳಿ ಸೀಳುವ ಕವಚ ಹಾಕಿದ ಮೌಲ್ಟನ್ ಸೈಕಲ್ಲಿನಲ್ಲಿ ಗಂಟೆಗೆ 82 ಕಿಲೋಮೀಟರ್ ವೇಗ ಮುಟ್ಟಿದ. ನಮ್ಮ ನೈಸ್ ರಸ್ತೆಯಲ್ಲಿ ಕಾರು ಹೋಗುವ ವೇಗ ಸ್ವಾಮಿ!

ಹಾಗಿದ್ದರೆ ಚಿಕ್ಕ ಚಕ್ರಕ್ಕೆ ಕೆಟ್ಟ ಹೆಸರು ಬಂದದ್ದು ಯಾಕೆ? ನನ್ನ ಪ್ರಕಾರ ಅಪರಾಧಿ ನಕಲು. ಬೇಡ ಅಂದಿದ್ದ ರ‍್ಯಾಲೆ ಕಂಪನಿಯೇ ಮೌಲ್ಟನ್ ಮಾರಾಟ ನೋಡಿ 1965ರಲ್ಲಿ ತನ್ನದೊಂದು ಪುಟ್ಟ ಚಕ್ರದ ಸೈಕಲ್ ತಂದಿತು. ಅದರಲ್ಲಿ ಸಸ್ಪೆನ್ಷನ್ ಇರಲಿಲ್ಲ. ಕುಲುಕಾಟ ತಪ್ಪಿಸಲು ದಪ್ಪ ಟೈರು ಹಾಕಿ, ಗಾಳಿ ಕಡಿಮೆ ಇಟ್ಟರು. ತುಳಿದವರಿಗೆ ಮರಳಲ್ಲಿ ತುಳಿದ ಹಾಗೆ. ಎರಡು ವರ್ಷ ಕಳೆಯಿತು, 1967ರಲ್ಲಿ ಅದೇ ಕಂಪನಿ ಮೌಲ್ಟನ್ ವ್ಯವಹಾರವನ್ನೇ ಕೊಂಡುಕೊಂಡಿತು. ಕೆಲವು ವರ್ಷಗಳಲ್ಲಿ ಅಸಲಿ ಮಾಲೂ ಬಂದ್ ಆಯಿತು. ಜನರ ನೆನಪಿನಲ್ಲಿ ಉಳಿದದ್ದು ನಕಲಿ ಮಾಲಿನ ಸುಸ್ತು. 80ರ ದಶಕದಲ್ಲಿ ಮೌಲ್ಟನ್ ಮತ್ತೆ ಎದ್ದು ಬಂದ, ಈ ಸಲ ಎರಡು ತುಂಡಾಗಿ ಬಿಚ್ಚಬಹುದಾದ ಸೈಕಲ್ ಜೊತೆ. ಆದರೆ ಅದರ ಬೆಲೆ ಮಧ್ಯಮ ವರ್ಗದ ಕೈಗೆ ಎಟುಕುವಂಥದ್ದಾಗಿರಲಿಲ್ಲ.

ಮುಂದಿನ ಕಥೆ ರೈಲಿನದ್ದು. ಹ್ಯಾರಿ ಬಿಕರ್ಟನ್ ಎಂಬಾತ 70ರ ದಶಕದಲ್ಲಿ ಅಲ್ಯೂಮಿನಿಯಂನಲ್ಲಿ ಮಡಚುವ ಸೈಕಲ್ ಮಾಡಿದ. ಹಗುರ, ಆದರೆ ಜೋರಾಗಿ ತುಳಿದರೆ ಬಾಗುತ್ತಿತ್ತು. ಅದನ್ನು ನೋಡಿದ ಆಂಡ್ರ್ಯೂ ರಿಚೀ ಎಂಬ ಕೇಂಬ್ರಿಡ್ಜ್ ಎಂಜಿನಿಯರಿಂಗ್ ಪದವೀಧರ, 'ಇದಕ್ಕಿಂತ ಚೆನ್ನಾಗಿ ನಾನು ಮಾಡಬಲ್ಲೆ' ಅಂದುಕೊಂಡ. ಹೊಟ್ಟೆಪಾಡಿಗೆ ಆತ ಮಾಡುತ್ತಿದ್ದದ್ದು ಗಿಡಗಳ ಕೆಲಸ. ಲಂಡನ್ನಿನ ತನ್ನ ಫ್ಲ್ಯಾಟಿನ ಬೆಡ್‌ರೂಮಿನಲ್ಲೇ ಮಾದರಿಗಳನ್ನು ಕಟ್ಟಿದ. ಕಿಟಕಿಯಿಂದ ಕಾಣುತ್ತಿದ್ದ ಬ್ರಾಂಪ್ಟನ್ ಆರೆಟರಿ ಚರ್ಚಿನ ಹೆಸರನ್ನೇ ಸೈಕಲ್ಲಿಗೆ ಇಟ್ಟ. ದೊಡ್ಡ ಕಂಪನಿಗಳ ಬಾಗಿಲು ತಟ್ಟಿದ, ಯಾರೂ ತೆಗೆಯಲಿಲ್ಲ. ಮುಂಗಡ ದುಡ್ಡು ಕೊಟ್ಟ ಗೆಳೆಯರನ್ನು ನಂಬಿ 1981ರಲ್ಲಿ ತಯಾರಿಕೆ ಶುರು ಮಾಡಿದ. ನಡುವೆ ನಿಂತುಹೋಗಿ, 80ರ ದಶಕದ ಕೊನೆಗೆ ಮತ್ತೆ ಹಿಡಿದ. ಮಡಚಿದ ಬ್ರಾಂಪ್ಟನ್ ಅಂದಾಜು 58, 56, 27 ಸೆಂಟಿಮೀಟರ್. ಕೂಡಿಸಿ, 141. ರೈಲಿನ ಸೀಟಿನ ಪಕ್ಕಕ್ಕೆ, ಆಫೀಸಿನ ಮೇಜಿನ ಕೆಳಕ್ಕೆ ಅಂತ ಮಾಡಿದ್ದು ವಿಮಾನದ ಲೆಕ್ಕಕ್ಕೂ ಬಂದುಬಿಟ್ಟಿತು. ಮಡಚಲು ಅರ್ಧ ನಿಮಿಷ ಬೇಡ. ಚೈನಿನ ಗ್ರೀಸು ಒಳಗೇ ಉಳಿಯುತ್ತದೆ, ಪ್ಯಾಂಟಿಗೆ ತಾಗೋದಿಲ್ಲ. ಊರೊಳಗೆ ಹತ್ತು ಹದಿನೈದು ಕಿಲೋಮೀಟರ್ ಓಡಾಡುವವರಿಗೆ ಇದನ್ನು ಮೀರಿಸಿದ್ದು ಇಲ್ಲ ಅಂತಲೇ ನನ್ನ ಅಭಿಪ್ರಾಯ. ಆದರೆ ಬೆಟ್ಟ ಹತ್ತಿ ದಿನಕ್ಕೆ ನೂರು ಕಿಲೋಮೀಟರ್ ಹೋಗುತ್ತೇನೆ ಅನ್ನುವವರಿಗೆ ಗೇರು ಸಾಲದು, ಹ್ಯಾಂಡಲ್ಲಿನ ಉದ್ದನೆಯ ಕಂಬ ಅಲ್ಲಾಡಿದ ಹಾಗೆ ಅನಿಸುತ್ತದೆ. ಹೋದವರಿದ್ದಾರೆ, ಅದು ಸವಾರನ ತಾಕತ್ತು.

ಅಮೆರಿಕದಲ್ಲಿ ಜಾಗ ಬೇರೆ. ಅಲ್ಲಿ ರೈಲಿಲ್ಲ, ಕಾರಿನ ಡಿಕ್ಕಿ. 70ರ ದಶಕದ ಪೆಟ್ರೋಲ್ ಬಿಕ್ಕಟ್ಟು ನೋಡಿ ತಲೆಕೆಡಿಸಿಕೊಂಡ ಲೇಸರ್ ವಿಜ್ಞಾನಿ ಡೇವಿಡ್ ಹಾನ್ 1982ರಲ್ಲಿ ದಾಹೋನ್ ಕಂಪನಿ ಶುರು ಮಾಡಿದ. ಕೆಲಸ ಬಿಟ್ಟು ಬಂದದ್ದು ಹ್ಯೂಸ್ ಏರ್‌ಕ್ರಾಫ್ಟ್ ಎಂಬ ದೊಡ್ಡ ಕಂಪನಿಯಿಂದ. ಕಾರ್ಖಾನೆ ತೈವಾನಿನಲ್ಲಿ. ಇವತ್ತು ನಮ್ಮ ಅಂಗಡಿಗಳಲ್ಲಿ ಕಾಣುವ, ನಡುವೆ ಒಂದು ಕೀಲಿರುವ 20 ಇಂಚಿನ ಸೈಕಲ್ಲುಗಳು ಹೆಚ್ಚಾಗಿ ಇದೇ ದಾರಿಯವು. ಬೆಲೆ ಕಮ್ಮಿ, ಓಡಿಸಲು ಹಿತ. ಆದರೆ ಮೋಸ ಹೋಗುವುದು ಇಲ್ಲೇ. ಮಡಚಿದರೆ ಇವು ಹೆಚ್ಚುಕಡಿಮೆ 80, 65, 35 ಸೆಂಟಿಮೀಟರ್. ಕೂಡಿಸಿ ನೋಡಿ. 180! ಡಿಕ್ಕಿಯಲ್ಲಿ ಕೂರುತ್ತದೆ, ವಿಮಾನದ ಲೆಕ್ಕದಲ್ಲಿ ಕೂರೋದಿಲ್ಲ. 'ಫೋಲ್ಡಿಂಗ್' ಅಂತ ಬರೆದಿದೆ ಅಂದ ಮಾತ್ರಕ್ಕೆ ಏರ್‌ಪೋರ್ಟ್‌ಗೆ ಹೊರಡಬೇಡಿ.

ವಿಮಾನಕ್ಕೆಂದೇ ಹುಟ್ಟಿದ್ದು ಯಾವುದು? ಅಮೆರಿಕದ ಒರೆಗಾನ್ ರಾಜ್ಯದ ಯೂಜೀನ್ ಎಂಬ ಊರಿನಲ್ಲಿ ಅಲನ್ ಮತ್ತು ಹಾನ್ಸ್ ಶೋಲ್ಜ್ ಎಂಬ ಅಣ್ಣತಮ್ಮಂದಿರು 1992ರಲ್ಲಿ ಶುರು ಮಾಡಿದ ಬೈಕ್ ಫ್ರೈಡೇ. ರಾಬಿನ್ಸನ್ ಕ್ರೂಸೋನ ಜೊತೆಗಾರ ಫ್ರೈಡೇಯ ಹೆಸರು. ಇವರು ಸೂಟ್‌ಕೇಸ್‌ನಿಂದ ಹಿಂದಕ್ಕೆ ಲೆಕ್ಕ ಹಾಕಿದರು. 20 ಇಂಚಿನ ಚಕ್ರ, ಮಾಮೂಲಿ ರಸ್ತೆ ಸೈಕಲ್ಲಿನ ಗೇರು, ಸವಾರನ ಅಳತೆಗೆ ಕಟ್ಟಿದ ಫ್ರೇಮು. ಬಿಚ್ಚಿ ಸೂಟ್‌ಕೇಸ್‌ಗೆ ತುಂಬಲು ಅರ್ಧ ಗಂಟೆ ಹಿಡಿಯುತ್ತದೆ. ಆದರೆ ಇಳಿದ ಮೇಲೆ ಆ ಸೂಟ್‌ಕೇಸ್‌ಗೇ ಎರಡು ಚಕ್ರ ಸಿಕ್ಕಿಸಿದರೆ ಅದೇ ಸೈಕಲ್ಲಿನ ಹಿಂದೆ ಎಳೆಯುವ ಟ್ರೇಲರ್! ಇನ್ನೊಂದು ದಾರಿ, ದೊಡ್ಡ ಚಕ್ರದ ಸೈಕಲ್ಲಿನ ಫ್ರೇಮನ್ನೇ ಎರಡು ತುಂಡು ಮಾಡಿ ಉಕ್ಕಿನ ಜೋಡಣೆ ಹಾಕುವುದು. ಕ್ಯಾಲಿಫೋರ್ನಿಯಾದ ಎಸ್ ಅಂಡ್ ಎಸ್ ಎಂಬ ಸಂಸ್ಥೆ ಮಾಡಿದ ಕೆಲಸ. ಇದರ ಪೆಟ್ಟಿಗೆ 26, 26, 10 ಇಂಚು. ಕರಾರುವಾಕ್ಕಾಗಿ 62. ಟೈರಿನ ಗಾಳಿ ಬಿಟ್ಟು, ಚಕ್ರ ಸಾವರಿಸಿ ಕೂರಿಸಬೇಕು. ಓಡಿಸುವಾಗ ಮಾಮೂಲಿ ಸೈಕಲ್ಲೇ, ಆದರೆ ದಿನಾ ಮೆಟ್ರೋ ಹತ್ತುವವನಿಗೆ ಉಪಯೋಗವಿಲ್ಲ.

ಈಗ ಕೇಳಿಕೊಳ್ಳಿ. ನೀವು ದಿನಾ ಮಡಚುತ್ತೀರಾ, ವರ್ಷಕ್ಕೆ ಎರಡು ಸಲ ಮಡಚುತ್ತೀರಾ? ದಿನಾ ಆದರೆ ಬ್ರಾಂಪ್ಟನ್ ಸಾಲಿನವು. ವರ್ಷಕ್ಕೆ ಎರಡು ಸಲ ಆದರೆ ಬೈಕ್ ಫ್ರೈಡೇ ಅಥವಾ ತುಂಡಾಗುವ ಫ್ರೇಮು. ಅಂಗಡಿಯಲ್ಲಿ ನಿಂತಾಗ ಗೇರನ್ನು ನೋಡಿ. ದೊಡ್ಡ ಚಕ್ರ ಒಂದು ಸುತ್ತಿಗೆ 2.1 ಮೀಟರ್ ಹೋದರೆ 20 ಇಂಚಿನದು ಹೋಗುವುದು ಒಂದೂವರೆ ಮೀಟರ್, ಬ್ರಾಂಪ್ಟನ್ನಿನದು ಸುಮಾರು 1.3. ಆ ಕೊರತೆ ತುಂಬಲು ಮುಂದಿನ ಹಲ್ಲುಚಕ್ರ ದೊಡ್ಡದಿರಬೇಕು, ಹಿಂದಿನದು ಚಿಕ್ಕದಿರಬೇಕು. ಇಲ್ಲದಿದ್ದರೆ ಕಾಲು ಮಾತ್ರ ತಿರುಗುತ್ತದೆ, ಸೈಕಲ್ಲು ಹೋಗೋದಿಲ್ಲ. ಟೈರು ಎಷ್ಟು ಗಾಳಿ ತಡೆಯುತ್ತದೆ ಅಂತ ಕೇಳಿ. ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲ್ ಅಲ್ಲಾಡಿಸಿ, ಕೀಲು ಕಟಕಟ ಅಂದರೆ ಬಿಟ್ಟುಬಿಡಿ. ಕೈಯಲ್ಲಿ ಟೇಪ್ ಇರಲಿ, ಮಡಚಿಸಿ ಅಳೆಯಿರಿ. ಅಂಗಡಿಯವರು ವಿಚಿತ್ರವಾಗಿ ನೋಡಿದರೆ ನೋಡಲಿ.

ತೂಕದ ಲೆಕ್ಕವೂ ಇದೆ. ಸೈಕಲ್ಲು 11-12 ಕಿಲೋ, ಗಟ್ಟಿ ಪೆಟ್ಟಿಗೆ ಐದಾರು ಕಿಲೋ. 23ರೊಳಗೆ ಬಂತು. ಆದರೆ ಬೆಂಗಳೂರಿನಿಂದ ದೆಹಲಿಗೆ ಹೊರಟಿರಾ? ನಮ್ಮ ದೇಶದೊಳಗಿನ ವಿಮಾನಗಳಲ್ಲಿ ಸಾಮಾನ್ಯವಾಗಿ ಸಿಗುವುದು 15 ಕಿಲೋ. ಅಲ್ಲಿಗೆ ಗಟ್ಟಿ ಪೆಟ್ಟಿಗೆ ಬಿಟ್ಟು ದಪ್ಪ ಬಟ್ಟೆಯ ಬ್ಯಾಗಿಗೆ ಇಳಿಯಬೇಕು, ಇಲ್ಲವೇ ಹೆಚ್ಚಿನ ತೂಕಕ್ಕೆ ದುಡ್ಡು ಕಟ್ಟಬೇಕು. ಇನ್ನು ಬ್ಯಾಟರಿ ಇರುವ ಫೋಲ್ಡಿಂಗ್ ಸೈಕಲ್ ನೋಡಿ ಆಸೆಪಟ್ಟವರಿಗೆ ಒಂದು ಮಾತು. 160 ವ್ಯಾಟ್-ಅವರ್ ದಾಟಿದ ಲಿಥಿಯಂ ಬ್ಯಾಟರಿಯನ್ನು ಪ್ರಯಾಣಿಕರು ಲಗೇಜಿನಲ್ಲೂ ಕೊಡುವಂತಿಲ್ಲ, ಕೈಯಲ್ಲೂ ಒಯ್ಯುವಂತಿಲ್ಲ. ಈ ಸೈಕಲ್ಲುಗಳ ಬ್ಯಾಟರಿ ಬಹುತೇಕ 250, 300ರ ಲೆಕ್ಕದಲ್ಲೇ ಇರುತ್ತದೆ. ಸೈಕಲ್ಲು ಎಷ್ಟೇ ಚಿಕ್ಕದಾಗಿ ಮಡಚಿಕೊಳ್ಳಲಿ, ಬ್ಯಾಟರಿ ಇಲ್ಲೇ ಉಳಿಯುತ್ತದೆ.