ರೇಖೆ ಕಲಿತವರ ಊರು

ಕನ್ನಡದಲ್ಲಿ ನಾವು ಚಿತ್ರವನ್ನು ‘ಬರೆಯುತ್ತೇವೆ’. ಕಾಗದವನ್ನೂ ಕವಿತೆಯನ್ನೂ ಬರೆಯುವ ಅದೇ ಕ್ರಿಯಾಪದ ಚಿತ್ರಕ್ಕೂ ಸಲ್ಲುತ್ತದೆ. ಜೊತೆಗೆ ‘ಚಿತ್ರ ಬಿಡಿಸು’ ಎಂಬ ಇನ್ನೊಂದು ಮಾತೂ ನಮ್ಮಲ್ಲಿದೆ. ಒಗಟು ಬಿಡಿಸುವ, ಹಲಸಿನ ತೊಳೆ ಬಿಡಿಸುವ ಅದೇ ಬಿಡಿಸುವಿಕೆ. ನಮ್ಮ ನೆರೆಯ ಮರಾಠಿಗರು ಚಿತ್ರವನ್ನು ‘ತೆಗೆಯುತ್ತಾರೆ’, ಹಿಂದಿಯವರು ‘ಮಾಡುತ್ತಾರೆ’. ಮುಂಬಯಿಯಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳ ಕನ್ನಡದಲ್ಲಿ ಈಗ ‘ಚಿತ್ರ ತೆಗೆದೆ’ ಎಂಬ ಪ್ರಯೋಗ ಕೇಳಿಬರುತ್ತಿದೆ. ಅದನ್ನು ತಿದ್ದಬೇಕೆಂದು ನಮಗೆ ಅನಿಸಿಲ್ಲ. ಆದರೆ ಬರೆಯುವುದೂ ಚಿತ್ರಿಸುವುದೂ ಒಂದೇ ಎಂದು ತಿಳಿದಿದ್ದ ಭಾಷೆಯವರು ಈ ನಗರಕ್ಕೆ ಬಂದು ರೇಖೆಯನ್ನು ಹೇಗೆ ಕಲಿತರು, ಯಾವ ಬಾಗಿಲು ಅವರಿಗೆ ತೆರೆಯಿತು, ಯಾವುದು ಮುಚ್ಚಿತು ಎಂಬ ವಿಚಾರ ಬಹಳ ದಿನಗಳಿಂದ ನಮ್ಮನ್ನು ಕಾಡುತ್ತಿದೆ.

ಈ ನಗರದಲ್ಲಿ ಚಿತ್ರಕಲೆಯ ಔಪಚಾರಿಕ ಶಿಕ್ಷಣದ ಕಥೆ ಸರ್ ಜಮ್‌ಶೆಟ್‌ಜಿ ಜೀಜೀಭಾಯ್ ಅವರು ಕೊಟ್ಟ ಒಂದು ಲಕ್ಷ ರೂಪಾಯಿಯ ದಾನದಿಂದ ಆರಂಭವಾಗುತ್ತದೆ. ಅವರ ಹೆಸರಿನ ಕಲಾಶಾಲೆ, ಎಲ್ಲರ ಬಾಯಲ್ಲಿ ‘ಜೆಜೆ’, 1857ರಲ್ಲಿ ಶುರುವಾಯಿತು. ಅಲ್ಲಿಗೆ ಅಧ್ಯಾಪಕರಾಗಿ ಬಂದ ಜಾನ್ ಗ್ರಿಫಿತ್ಸ್ 1872ರಿಂದ 1885ರವರೆಗೆ ತನ್ನ ವಿದ್ಯಾರ್ಥಿಗಳನ್ನು ಅಜಂತಾಕ್ಕೆ ಕರೆದೊಯ್ದು ಗುಹೆಗಳ ಭಿತ್ತಿಚಿತ್ರಗಳನ್ನು ನಕಲು ಮಾಡಿಸಿದ. ಅವನಿಗಿಂತ ಮೊದಲು ರಾಬರ್ಟ್ ಗಿಲ್ ವರ್ಷಗಟ್ಟಲೆ ಶ್ರಮಿಸಿ ಮಾಡಿದ ನಕಲುಗಳಲ್ಲಿ ಬಹುಪಾಲು 1866ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ ಬೆಂಕಿಗೆ ಆಹುತಿಯಾಗಿದ್ದವು. ಗ್ರಿಫಿತ್ಸ್‌ನ ತಂಡದ ನಕಲುಗಳಲ್ಲಿಯೂ ಹಲವು ಲಂಡನ್ನಿನ ಇನ್ನೊಂದು ಬೆಂಕಿಯಲ್ಲಿ ಹೋದವು. ಉಳಿದವುಗಳ ಆಧಾರದ ಮೇಲೆ 1896–97ರಲ್ಲಿ ಎರಡು ಸಂಪುಟಗಳು ಹೊರಬಂದವು. ಕಾಗದದ ಮೇಲಿನ ಕೆಲಸ ಸುಟ್ಟುಹೋದರೂ ಅದನ್ನು ಮಾಡಿದ ಹುಡುಗರ ಕಣ್ಣಿಗೂ ಕೈಗೂ ಬಂದ ಅಭ್ಯಾಸ ಸುಡಲಿಲ್ಲ. ಪೆಸ್ತನ್‌ಜಿ ಬೊಮನ್‌ಜಿಯಂತಹ ಚಿತ್ರಕಾರರು ಆ ಗುಹೆಗಳಲ್ಲಿ ಪಳಗಿದವರೇ.

ಅಜಂತಾ ದೂರದ ಮಾತು. ಜೋಗೇಶ್ವರಿಯಲ್ಲಿರುವ ನಮಗೆ ಗುಹೆ ಮನೆಬಾಗಿಲಲ್ಲೇ ಇದೆ. ಆರನೆಯ ಶತಮಾನದ ನಡುವಿನದೆಂದು ವಿದ್ವಾಂಸರು ಹೇಳುವ ಈ ಶೈವ ಗುಹಾಲಯ ರೈಲು ನಿಲ್ದಾಣದ ಪೂರ್ವಕ್ಕೆ, ಮನೆಗಳ ದಟ್ಟಣೆಯ ನಡುವೆ ಅಡಗಿದೆ. ಮೆಟ್ಟಿಲಿಳಿದು ಒಳಹೊಕ್ಕರೆ 20 ಕಂಬಗಳ ವಿಶಾಲ ಚೌಕದ ಮಂಟಪ, ನಡುವೆ ಗರ್ಭಗೃಹ. ಊರಿಗೆ ಹೆಸರು ಕೊಟ್ಟ ಜೋಗೇಶ್ವರಿ ದೇವಿಯ ಪೂಜೆ ಇಂದಿಗೂ ನಡೆದಿದೆ. ಲಕುಲೀಶ, ಶಿವಪಾರ್ವತಿಯರ ವಿವಾಹ, ಅವರಿಬ್ಬರ ಪಗಡೆಯಾಟ, ನಟರಾಜ, ಎಲ್ಲವೂ ಇಲ್ಲಿ ಇದ್ದವು, ಈಗಲೂ ಒಂದು ಬಗೆಯಲ್ಲಿ ಇವೆ. ನೀರಿಳಿದು ಕಲ್ಲು ಪುಡಿಯಾಗುತ್ತ ಬಂದು, ಮೂಗು ತುಟಿ ಬೆರಳುಗಳೆಲ್ಲ ಮಾಯವಾಗಿ, ದೇಹದ ದೊಡ್ಡ ಆಕಾರಗಳಷ್ಟೇ ನಿಂತಿವೆ.

ಚಿತ್ರ ಕಲಿಯಹೊರಟವನಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಕಡಿಮೆಯೆಂದೇ ನಮ್ಮ ಅಭಿಪ್ರಾಯ. ಹೊಸಬನು ಮಾಡುವ ಮೊದಲ ತಪ್ಪು ರೆಪ್ಪೆಗೂದಲಿನಿಂದ ಆರಂಭಿಸುವುದು. ಕಣ್ಣನ್ನು ಅಂದವಾಗಿ ತೀಡಿ, ಅದರ ಸುತ್ತ ಮುಖವನ್ನು ಹೇಗೋ ಅಂಟಿಸುತ್ತಾನೆ. ಜೋಗೇಶ್ವರಿಯ ಸವೆದ ಶಿಲ್ಪದ ಎದುರು ಆ ತಪ್ಪಿಗೆ ಅವಕಾಶವೇ ಇಲ್ಲ, ತೀಡಲು ಕಣ್ಣೇ ಉಳಿದಿಲ್ಲ. ಸೊಂಟ ಯಾವ ಕಡೆ ಬಾಗಿದೆ, ಭಾರ ಯಾವ ಕಾಲಿನ ಮೇಲಿದೆ, ಹೆಗಲಿನ ಓರೆಗೂ ಸೊಂಟದ ಓರೆಗೂ ಏನು ಸಂಬಂಧ, ಇವನ್ನೇ ನೋಡಬೇಕು. ಬಾಗಿಲಿನಿಂದ ಬರುವ ಬೆಳಕು ಒಂದೇ ದಿಕ್ಕಿನದು. ಆದ್ದರಿಂದ ಕಂಬದ ಬೆಳಕಿನ ಪಕ್ಕ, ನೆರಳಿನ ಪಕ್ಕ, ಎರಡರ ನಡುವಿನ ಮಬ್ಬು, ಮೂರೂ ಬೇರೆಬೇರೆಯಾಗಿ ಕಾಣುತ್ತವೆ. ಮೆತ್ತನೆಯ 4ಬಿ ಪೆನ್ಸಿಲೊಂದಿದ್ದರೆ ಸಾಕು. ವರ್ಷ ಕಳೆದಂತೆ ಆಕಾರಗಳು ಇನ್ನಷ್ಟು ಕರಗುತ್ತಿವೆಯಾದ್ದರಿಂದ, ಇಂದು ಕೂತು ಗೆರೆ ಎಳೆದವನ ಹಾಳೆ ನಾಳೆಗೆ ದಾಖಲೆಯೂ ಆದೀತು.

ಜೆಜೆಯ ಬಾಗಿಲು ತೆರೆದದ್ದು ಕಟ್ಟಿಂಗೇರಿ ಕೃಷ್ಣ ಹೆಬ್ಬಾರರಿಗೆ. ಉಡುಪಿಯ ಸಮೀಪದ ಕಟ್ಟಿಂಗೇರಿಯಿಂದ ಬಂದ ಅವರು 1930ರ ದಶಕದಲ್ಲಿ ಅಲ್ಲಿ ಕಲಿತರು, ಮುಂದೆ ಕೆಲವು ವರ್ಷ ಅಲ್ಲಿಯೇ ಕಲಿಸಿದರು. ಶಾಲೆಯ ಪಾಶ್ಚಾತ್ಯ ಶಿಸ್ತನ್ನು ಪೂರ್ತಿಯಾಗಿ ಅರಗಿಸಿಕೊಂಡು, ಅದು ಸಾಲದೆಂದು ಕಂಡುಕೊಂಡವರು ಅವರು. ನೃತ್ಯದ ಲಯ ತಿಳಿಯಲು ಕಥಕ್ ಕಲಿತರು. ನರ್ತಕರನ್ನು, ವಾದಕರನ್ನು ಕೆಲವೇ ಗೆರೆಗಳಲ್ಲಿ ಹಿಡಿದ ಅವರ ರೇಖಾಚಿತ್ರಗಳ ಪುಸ್ತಕ 1964ರಲ್ಲಿ ಬಂದಾಗ ಅದಕ್ಕೆ ‘ಹಾಡುವ ರೇಖೆ’ ಎಂಬರ್ಥದ ಇಂಗ್ಲಿಷ್ ಹೆಸರಿತ್ತು. ಆ ಗೆರೆಗಳನ್ನು ನೋಡಿದ ಹೊಸಬರು ‘ಇದು ನನಗೂ ಬರುತ್ತದೆ’ ಎಂದುಕೊಳ್ಳುವುದುಂಟು. ಆ ಒಂದು ಗೆರೆಯ ಹಿಂದೆ ಕುಣಿದ ಕಾಲುಗಳಿವೆಯೆಂಬುದು ಗೆರೆ ಎಳೆಯಲು ಕೂತಾಗಲೇ ಅರಿವಾಗುವುದು.

ಅದೇ ಬಾಗಿಲು ಮುಚ್ಚಿದ್ದು ಮೈಸೂರಿನ ಹುಡುಗನೊಬ್ಬನಿಗೆ. ರಾಶಿಪುರಂ ಕೃಷ್ಣಸ್ವಾಮಿ ಲಕ್ಷ್ಮಣ್ 1921ರಲ್ಲಿ ಮೈಸೂರಿನಲ್ಲಿ ಹುಟ್ಟಿದರು, ತಂದೆ ಶಾಲೆಯ ಮುಖ್ಯೋಪಾಧ್ಯಾಯರು. ತರಗತಿಯಲ್ಲಿ ಮೇಷ್ಟರು ಎಲೆಯೊಂದನ್ನು ಬರೆಯಲು ಹೇಳಿದಾಗ ಈ ಬಾಲಕ ಬರೆದ ಅರಳಿ ಎಲೆಯನ್ನು ಮೆಚ್ಚಿ, ನೀನು ಚಿತ್ರಕಾರನಾಗುತ್ತೀಯೆ ಎಂದರಂತೆ. ಮನೆಯ ಕಿಟಕಿಯಾಚೆ ಕಂಡ ಒಣಕಡ್ಡಿ, ಹಲ್ಲಿ, ಸೌದೆ ಒಡೆಯುವ ಆಳು, ಎದುರಿನ ಮಾಡಿನ ಮೇಲೆ ನಾನಾ ಭಂಗಿಗಳಲ್ಲಿ ಕೂತ ಕಾಗೆಗಳು, ಇವೇ ಅವರ ಮಾದರಿಗಳಾಗಿದ್ದವೆಂದು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಜೆಜೆಗೆ ಅರ್ಜಿ ಹಾಕಿದಾಗ, ಪ್ರವೇಶಕ್ಕೆ ಬೇಕಾದ ಪ್ರತಿಭೆ ಈ ಚಿತ್ರಗಳಲ್ಲಿ ಕಾಣುತ್ತಿಲ್ಲವೆಂಬ ಉತ್ತರ ಬಂತು. ಅವರು ಮಹಾರಾಜಾ ಕಾಲೇಜಿಗೆ ಸೇರಿದರು. ಅಣ್ಣ ಆರ್.ಕೆ. ನಾರಾಯಣರ ಕಥೆಗಳಿಗೆ ಚಿತ್ರ ಬರೆದರು, ಡಾ. ಎಂ. ಶಿವರಾಂ ಅವರು 1942ರಲ್ಲಿ ಆರಂಭಿಸಿದ ‘ಕೊರವಂಜಿ’ಗೂ ಬರೆದರು. ನಮ್ಮ ಹಿರಿಯರ ಮನೆಗಳಲ್ಲಿ ಆ ಪತ್ರಿಕೆಯ ಹಳೆಯ ಸಂಚಿಕೆಗಳಿದ್ದರೆ ರದ್ದಿಗೆ ಹಾಕುವ ಮುನ್ನ ಒಮ್ಮೆ ತೆರೆದು ನೋಡುವುದು ಒಳಿತು.

ಆಮೇಲೆ ಅವರು ಬಂದದ್ದು ಇದೇ ಮುಂಬಯಿಗೆ. ಫ್ರೀ ಪ್ರೆಸ್ ಜರ್ನಲ್‌ನಲ್ಲಿ ಸ್ವಲ್ಪ ಕಾಲ, 1947ರಿಂದ ಟೈಮ್ಸ್ ಆಫ್ ಇಂಡಿಯಾದಲ್ಲಿ ದಶಕಗಳ ಕಾಲ. ಅವರ ‘ಶ್ರೀಸಾಮಾನ್ಯ’ ಹುಟ್ಟಿದ ಬಗೆ ವ್ಯಂಗ್ಯಚಿತ್ರ ಕಲಿಯುವವರಿಗೆ ದೊಡ್ಡ ಪಾಠ. ದೇಶದ ಜನಸಾಮಾನ್ಯರನ್ನು ತೋರಿಸಬೇಕಾದಾಗ ಮೊದಮೊದಲು ಬಂಗಾಳಿ, ತಮಿಳ, ಪಂಜಾಬಿ ಎಂದು ಒಂದೊಂದು ಪ್ರಾಂತದ ಉಡುಗೆಯವರನ್ನು ಗುಂಪಾಗಿ ಬರೆಯುತ್ತಿದ್ದರು. ಪತ್ರಿಕೆಯ ಮುದ್ರಣದ ವೇಳೆ ಕಾಯುವುದಿಲ್ಲ. ಗುಂಪು ಕರಗುತ್ತ ಬಂತು, ಕೊನೆಗೆ ಒಬ್ಬನೇ ಉಳಿದ: ಚೌಕಳಿ ಕೋಟು, ಧೋತರ, ಕನ್ನಡಕ, ಬೋಳುತಲೆಯ ಬದಿಗೆ ಕೆದರಿದ ನಾಲ್ಕು ಕೂದಲು. ಅವನು ಮಾತಾಡುವುದಿಲ್ಲ. ಯಾವ ಭಾಷೆಯವನೆಂದು ಹೇಳಲಾಗದು. ಈ ನಗರದಲ್ಲಿ ಲೋಕಲ್ ರೈಲಿನ ಬಾಗಿಲಲ್ಲಿ ಮಾತಿಲ್ಲದೆ ನಿಂತು ಬಂದ ನಮ್ಮವರಿಗೆ ಅವನು ಪರಕೀಯನೆನಿಸದಿದ್ದುದು ಸಹಜ.

ಜೆಜೆ ಲಕ್ಷ್ಮಣರನ್ನು ತಿರಸ್ಕರಿಸಿತೆಂಬ ಕಥೆಯನ್ನು ಶಾಲೆಯನ್ನು ಹಳಿಯಲು ಬಳಸುವವರಿದ್ದಾರೆ. ನಮಗೆ ಹಾಗೆ ತೋರುವುದಿಲ್ಲ. ಹೆಬ್ಬಾರರಿಗೆ ಆ ಶಾಲೆ ಬೇಕಿತ್ತು. ಲಕ್ಷ್ಮಣರಿಗೆ ಕಾಗೆ ಸಾಕಾಯಿತು. ಆದರೆ ಬಾಗಿಲು ಮುಚ್ಚಿದ ಮೇಲೂ ಬರೆಯುತ್ತಲೇ ಇರಲು ಅವರಿಗೆ ಒಂದು ಮನೆ, ಒಬ್ಬ ಅಣ್ಣ, ಒಂದು ಕನ್ನಡ ಪತ್ರಿಕೆ ಇದ್ದವು. ಊರಿಂದ ಬಂದು ಹೋಟೆಲಿನಲ್ಲಿ ಲೋಟ ತೊಳೆಯುತ್ತ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತ ಎಷ್ಟೋ ನಮ್ಮ ಹುಡುಗರಿಗೆ ಇವು ಇರಲಿಲ್ಲ. ಅವರಲ್ಲಿ ಯಾರ ಕೈಯಲ್ಲಿ ಗೆರೆಯಿತ್ತೋ ಯಾವ ಇತಿಹಾಸವೂ ಬರೆದಿಟ್ಟಿಲ್ಲ.

ಮುಖ ಬರೆಯಲು ಪ್ರತಿಭೆಗಿಂತ ಪ್ರಯೋಗವೇ ಹೆಚ್ಚು ಬೇಕೆಂದು ವಾದಿಸಿದವನು ಜಿನೀವಾದ ಶಾಲಾ ಮೇಷ್ಟರು ರೊಡಾಲ್ಫ್ ಟಾಫರ್. ಚಿತ್ರಕಥೆಗಳ ಮೊದಲಿಗರಲ್ಲಿ ಒಬ್ಬನಾದ ಆತ 1845ರಲ್ಲಿ ಪ್ರಕಟಿಸಿದ ಪ್ರಬಂಧದ ತಿರುಳು ಸರಳ: ಎಷ್ಟೇ ಒರಟಾಗಿ ಗೀಚಿದ ಮುಖಕ್ಕೂ ಒಂದು ಭಾವ ಬಂದೇ ಬರುತ್ತದೆ, ಹುಬ್ಬನ್ನು, ಬಾಯನ್ನು ಚೂರು ಬದಲಿಸುತ್ತ ಹೋಗಿ, ಏನಾಗುತ್ತದೆಂದು ನೋಡಿ. ಇದನ್ನು ಯಾರೂ ಈಗಲೇ ಮಾಡಬಹುದು. ಒಂದು ಹಾಳೆಯ ಮೇಲೆ ಹತ್ತು ಸುತ್ತುಗಳನ್ನು ಬರೆದು, ಎಲ್ಲಕ್ಕೂ ಒಂದೇ ಬಗೆಯ ಕಣ್ಣು ಮೂಗು ಇಟ್ಟು, ಹುಬ್ಬಿನ ಓರೆಯನ್ನಷ್ಟೇ ಬದಲಿಸಬೇಕು. ಹುಬ್ಬಿನ ಒಳತುದಿ ಕೆಳಗಿಳಿದರೆ ಸಿಟ್ಟು, ಮೇಲೇರಿದರೆ ದೈನ್ಯ. ಎರಡು ಹುಬ್ಬು ಎರಡು ಬಗೆಯಾದರೆ ಸಂಶಯ. ಯಕ್ಷಗಾನದ ಮುಖವರ್ಣಿಕೆ ಕಂಡವರಿಗೆ ಇದು ಹೊಸತಲ್ಲ.

ಇನ್ನುಳಿದ ಪ್ರಾಥಮಿಕ ವಿಷಯಗಳು ಕೆಲವೇ. ಗೆರೆಯನ್ನು ಬೆರಳಿನಿಂದಲ್ಲ, ಮೊಣಕೈ ಮತ್ತು ಹೆಗಲಿನಿಂದ ಎಳೆಯಬೇಕು. ಒಂದೇ ಉಸಿರಿಗೆ ಎಳೆದ ಡೊಂಕು ಗೆರೆ ಕೂದಲಿನಂತೆ ಕೆದರಿದ ನೂರು ಚೂರುಗೆರೆಗಳಿಗಿಂತ ಮೇಲು. ತೋಳು ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲಿನ ಮೇಲೆ ಹೆಬ್ಬೆರಳು ಜಾರಿಸಿ ಅಳತೆ ತೆಗೆಯಬೇಕು. ನಿಂತ ಮನುಷ್ಯನ ಎತ್ತರ ಅವನ ತಲೆಯ ಸುಮಾರು ಏಳೂವರೆ ಪಟ್ಟು. ವ್ಯಂಗ್ಯಚಿತ್ರದಲ್ಲಿ ಅದನ್ನು ನಾಲ್ಕಕ್ಕೋ ಮೂರಕ್ಕೋ ಇಳಿಸಿದರೆ ಮುಖಕ್ಕೆ ಜಾಗ ಸಿಗುತ್ತದೆ. ಬಿಂದಿಗೆಯ ಬಾಯಿ ಕಣ್ಣಿನ ಮಟ್ಟದಲ್ಲಿದ್ದಾಗ ಬರೀ ಗೆರೆ, ಕೆಳಗಿಳಿದಂತೆ ಅಗಲವಾಗುವ ಅಂಡಾಕಾರ. ಅಡಿಯ ಅಂಡಾಕಾರ ಬಾಯಿಯದಕ್ಕಿಂತ ಹೆಚ್ಚು ದುಂಡಗೆ ಕಾಣುತ್ತದೆ. ಚುಕ್ಕಿ ಎಣಿಸಿ, ಕೈ ತಡವರಿಸದೆ ರಂಗೋಲಿಯ ಎಳೆ ಸುತ್ತುವ ನಮ್ಮ ಮನೆಗಳ ಹೆಂಗಸರಿಗೆ ಈ ಅಳತೆಯ ವಿದ್ಯೆ ಯಾರೂ ಹೇಳಿಕೊಡದೆಯೇ ಬಂದಿದೆ. ಅವರನ್ನು ಚಿತ್ರಕಾರರೆಂದು ಕರೆಯುವ ರೂಢಿ ಮಾತ್ರ ನಮ್ಮಲ್ಲಿ ಬರಲಿಲ್ಲ.

ಮಹಾರಾಷ್ಟ್ರದ ಶಾಲೆಗಳ ಮಕ್ಕಳು ಸರ್ಕಾರ ನಡೆಸುವ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಎಂಬ ಚಿತ್ರಕಲಾ ಪರೀಕ್ಷೆಗಳಿಗೆ ಕೂರುತ್ತಾರೆ. ವಸ್ತುಚಿತ್ರ, ಸ್ಮೃತಿಚಿತ್ರ, ವಿನ್ಯಾಸ, ಜ್ಯಾಮಿತಿ ಮತ್ತು ಅಕ್ಷರಲೇಖನ, ಇವು ಅದರ ವಿಷಯಗಳು. ನಮ್ಮ ಮನೆಗಳಲ್ಲಿ ಇದನ್ನು ಹತ್ತನೆಯ ತರಗತಿಯಲ್ಲಿ ಸಿಗುವ ಹೆಚ್ಚುವರಿ ಅಂಕಗಳ ಲೆಕ್ಕದಲ್ಲಿ ನೋಡುವುದೇ ಹೆಚ್ಚು. ಅಂಕ ಬಂದ ಮೇಲೆ ಬಣ್ಣದ ಪೆಟ್ಟಿಗೆ ಅಟ್ಟಕ್ಕೇರುತ್ತದೆ. ಅಕ್ಷರಲೇಖನದ ಅಭ್ಯಾಸವನ್ನು ಮಕ್ಕಳು ದೇವನಾಗರಿಯಲ್ಲೋ ರೋಮನ್‌ನಲ್ಲೋ ಮಾಡುತ್ತಾರೆ. ಕನ್ನಡ ಓದಲು ಬಾರದ ಮಗುವಿಗೂ ‘ಅ’ ಅಕ್ಷರವನ್ನು ಒಂದು ಆಕಾರವೆಂದು ಎದುರಿಗಿಟ್ಟು, ಅದರ ಸುತ್ತು ಎಲ್ಲಿ ತೊಡಗಿ ಎಲ್ಲಿ ಮುಗಿಯುತ್ತದೆಂದು ನೋಡಿ ಬರೆಯಲು ಹೇಳಬಹುದು. ಜೋಗೇಶ್ವರಿಯ ಎರಡು ಮೂರು ಮನೆಗಳಲ್ಲಿ ನಾವು ಇದನ್ನು ಶುರುಮಾಡಿದ್ದೇವೆ. ಮಕ್ಕಳಿಗೆ ಎಲ್ಲಕ್ಕಿಂತ ಹಿಡಿಸಿದ ಅಕ್ಷರ ‘ಳ’. ಒಬ್ಬಳು ಅದಕ್ಕೆ ಕೊಕ್ಕು, ಎರಡು ಕಾಲು ಸೇರಿಸಿ ಕಾಗೆ ಮಾಡಿದಳು.